ವಿಹಾರನಗರದ ಒಂಟಿ ತೊಲೆಯ ರೈಲು

ಜಾತ್ರೆಯ ದಿನ ಹಳ್ಳಿಗೆ ಹೋದ ವಾಚಕರು ಒಂದು ಸಂಗತಿಯನ್ನು ಗಮನಿಸಿರಬಹುದು. ಸುತ್ತಣ ಊರುಗಳಿಂದ ಬಂದ ಗಾಡಿಗಳನ್ನು ರಥಬೀದಿಗೆ ಬಿಡುವುದಿಲ್ಲ. ಅವುಗಳನ್ನು ಊರ ಹೊರಗಿನ ತೋಪಿನಲ್ಲಿಯೇ ನಿಲ್ಲಿಸಿ, ಜನರು ಕಾಲ್ನಡಿಗೆಯಲ್ಲಿ ದೇವಸ್ಥಾನಕ್ಕೆ ಬರುತ್ತಾರೆ. ಗಾಡಿಗಳೂ ಜನರೂ ಒಂದೇ ಬೀದಿಯಲ್ಲಿ ನುಗ್ಗಿದರೆ ತೇರು ಮುಂದೆ ಸಾಗುವಂತಿಲ್ಲ. ಆದರೆ ಜಾತ್ರೆ ವರ್ಷಕ್ಕೊಮ್ಮೆ ನಡೆಯುವುದು. ವರ್ಷವಿಡೀ ಜಾತ್ರೆ ನಡೆಯುವ ಸ್ಥಳವೊಂದಿದ್ದು, ಅಲ್ಲಿ ತೋಪಿಗೂ ದೇವಸ್ಥಾನಕ್ಕೂ ನಡುವೆ ಒಂದು ದೊಡ್ಡ ಕೆರೆಯೇ ಇದ್ದರೆ, ಮಕ್ಕಳು ಮುದುಕರನ್ನೆಲ್ಲ ಆಚೆಗೆ ಸಾಗಿಸುವ ಬಗೆ ಹೇಗೆ? ಅಮೆರಿಕದ ಫ್ಲಾರಿಡಾ ಸಂಸ್ಥಾನದಲ್ಲಿರುವ ವಾಲ್ಟ್ ಡಿಸ್ನಿ ವರ್ಲ್ಡ್ ಎಂಬ ವಿಹಾರನಗರ ಅಂತಹ ನಿತ್ಯಜಾತ್ರೆಯ ಸ್ಥಳ. ಅದನ್ನು ಕಟ್ಟಿದವರು ಈ ಪ್ರಶ್ನೆಗೆ ಕೊಟ್ಟ ಮುಖ್ಯ ಉತ್ತರ ಮಾನೋರೈಲು, ಅಂದರೆ ಒಂಟಿ ಹಳಿಯ ರೈಲು. ಆ ಉತ್ತರದ ಗುಣವೇನು, ದೋಷವೇನು ಎಂಬುದನ್ನು ಇಲ್ಲಿ ವಿಚಾರ ಮಾಡೋಣ.

ಒಂಟಿ ಹಳಿಯ ರೈಲು ಹೊಸ ಕಲ್ಪನೆಯೇನೂ ಅಲ್ಲ. ಜರ್ಮನಿಯ ವುಪರ್ಟಾಲ್ ನಗರದಲ್ಲಿ 1901ರಲ್ಲಿಯೇ ಅಂತಹ ರೈಲು ಹಳಿಗೆ ಜೋತುಬಿದ್ದು ಓಡತೊಡಗಿತು. ನಮ್ಮ ದೇಶದ ಪಟಿಯಾಲಾ ಸಂಸ್ಥಾನದಲ್ಲಿಯೂ 1907ರಿಂದ 1927ರ ವರೆಗೆ ಇನ್ನೊಂದು ಬಗೆಯ ರೈಲಿತ್ತು. ಅದು ತನ್ನ ಭಾರದ ಬಹುಭಾಗವನ್ನು ಒಂದೇ ಹಳಿಯ ಮೇಲೆ ಇಟ್ಟು, ಸಮತೋಲಕ್ಕಾಗಿ ದೊಡ್ಡ ಚಕ್ರವೊಂದನ್ನು ಪಕ್ಕದ ರಸ್ತೆಯ ಮೇಲೆ ಉರುಳಿಸಿಕೊಂಡು ಹೋಗುತ್ತಿತ್ತು. ವಿಹಾರನಗರದಲ್ಲಿ ನಾವು ಕಾಣುವುದು ಮೂರನೆಯ ಬಗೆ. ಸ್ವೀಡನ್ನಿನ ಉದ್ಯಮಿ ಆಕ್ಸೆಲ್ ಲೆನಾರ್ಟ್ ವೆನ್ನರ್-ಗ್ರೆನ್ ಅವರ ಸಂಸ್ಥೆ 1950ರ ದಶಕದಲ್ಲಿ ಜರ್ಮನಿಯ ಕಲೋನ್ ನಗರದ ಬಳಿ ಇದನ್ನು ಪರೀಕ್ಷಿಸಿತು. ಅವರ ಹೆಸರಿನ ಮೊದಲಕ್ಷರಗಳಿಂದ ಇದಕ್ಕೆ ‘ಆಲ್ವೆಗ್’ ಎಂಬ ಹೆಸರಾಯಿತು. ವಾಲ್ಟ್ ಡಿಸ್ನಿ ಅವರು ಇದನ್ನು ಮೆಚ್ಚಿ, ಕ್ಯಾಲಿಫೋರ್ನಿಯಾದ ತಮ್ಮ ಡಿಸ್ನಿಲ್ಯಾಂಡ್ ಉದ್ಯಾನದಲ್ಲಿ 1959ರ ಜೂನ್ ತಿಂಗಳಲ್ಲಿ ಓಡಿಸಿದರು. 1961ರಲ್ಲಿ ಮಾರ್ಗವನ್ನು ಉದ್ಯಾನದ ಹೊರಗಿನ ಹೋಟೆಲಿನವರೆಗೆ ಬೆಳೆಸಲಾಯಿತು. ಅಲ್ಲಿಯವರೆಗೆ ಬರಿಯ ವಿನೋದದ ಸವಾರಿಯಾಗಿದ್ದುದು ಅಂದಿನಿಂದ ಸಾರಿಗೆಯೂ ಆಯಿತು.

ಇದರ ರಚನೆ ಸರಳವಾದುದು. ಸಾಲುಕಂಬಗಳ ಮೇಲೆ ಕಾಂಕ್ರೀಟಿನ ಉದ್ದನೆಯ ತೊಲೆಗಳನ್ನು ಒಂದರ ಮುಂದೊಂದು ಇಟ್ಟಿರುತ್ತಾರೆ. ಕುದುರೆಯ ಮೇಲೆ ಸವಾರನು ಕುಳಿತಂತೆ ರೈಲು ಈ ತೊಲೆಯ ಮೇಲೆ ಕುಳಿತಿರುತ್ತದೆ. ತೊಲೆಯ ನೆತ್ತಿಯ ಮೇಲೆ ಉರುಳುವ ರಬ್ಬರ್ ಚಕ್ರಗಳು ಭಾರವನ್ನು ಹೊರುತ್ತವೆ. ಸವಾರನ ಮೊಣಕಾಲುಗಳಂತೆ ಎರಡು ಮಗ್ಗುಲುಗಳನ್ನೂ ಒತ್ತಿ ಹಿಡಿದ ಬೇರೆ ಚಕ್ರಗಳು ಗಾಡಿ ವಾಲದಂತೆ ಕಾಯುತ್ತವೆ. ತೊಲೆಯ ಪಕ್ಕದಲ್ಲಿ ಹಾಯಿಸಿದ ಲೋಹದ ಪಟ್ಟಿಯಿಂದ ವಿದ್ಯುತ್ತು ಒದಗುತ್ತದೆ. ಫ್ಲಾರಿಡಾದ ತೊಲೆಯ ಅಗಲ 26 ಅಂಗುಲ, ಎಂದರೆ ಸುಮಾರು 66 ಸೆಂಟಿಮೀಟರ್ ಮಾತ್ರ. ಇಷ್ಟು ಕಿರಿದಾದ ದಾರಿಯ ಮೇಲೆ ಆರು ಗಾಡಿಗಳ, ಸುಮಾರು 62 ಮೀಟರ್ ಉದ್ದದ ರೈಲು 360 ಮಂದಿಯನ್ನು ಹೊತ್ತು ಓಡಬಲ್ಲುದು. ನೆಲದಲ್ಲಿ ಅದಕ್ಕೆ ಬೇಕಾದುದು ಕಂಬ ನೆಡುವಷ್ಟು ಜಾಗ ಮಾತ್ರ. ಹೊಗೆಯಿಲ್ಲ, ಸದ್ದೂ ಕಡಿಮೆ.

ಈ ಗುಣಗಳನ್ನು ನೆಚ್ಚಿಯೇ 1971ರ ಅಕ್ಟೋಬರ್ 1ರಂದು ತೆರೆದ ಫ್ಲಾರಿಡಾದ ವಿಹಾರನಗರವನ್ನು ಯೋಜಿಸಿದರು. ಇಲ್ಲಿ ದೊಡ್ಡದೊಂದು ಸರೋವರವನ್ನು ತೋಡಿ, ಅಗೆದ ಮಣ್ಣಿನಿಂದ ಮ್ಯಾಜಿಕ್ ಕಿಂಗ್‌ಡಮ್ ಎಂಬ ಉದ್ಯಾನದ ನೆಲವನ್ನು ಎತ್ತರಿಸಿದರು. ಉದ್ಯಾನ ಸರೋವರದ ಒಂದು ದಡದಲ್ಲಿದೆ. ಮೋಟಾರು ಕಾರುಗಳನ್ನು ನಿಲ್ಲಿಸುವ ಬಯಲು ಎದುರು ದಡದಲ್ಲಿದೆ. ಬಂದವರು ಕಾರನ್ನು ಅಲ್ಲಿಯೇ ಬಿಟ್ಟು ದೋಣಿಯಲ್ಲಾಗಲಿ ರೈಲಿನಲ್ಲಾಗಲಿ ಆಚೆ ದಡಕ್ಕೆ ಹೋಗಬೇಕು. ಸರೋವರದ ಸುತ್ತ ಎರಡು ತೊಲೆಗಳು ಜೊತೆಜೊತೆಯಾಗಿ ಉಂಗುರದಂತೆ ಸುತ್ತಿವೆ. ಹೊರ ಉಂಗುರದ ರೈಲು ನಡುವೆ ಎಲ್ಲಿಯೂ ನಿಲ್ಲದೆ ಉದ್ಯಾನವನ್ನು ಸೇರುತ್ತದೆ. ಒಳ ಉಂಗುರದ್ದು ದಡದ ಹೋಟೆಲುಗಳಲ್ಲಿ ನಿಂತು, ಎದುರು ದಿಕ್ಕಿನಲ್ಲಿ ಸುತ್ತುತ್ತದೆ. ಅವುಗಳಲ್ಲಿ ಕಾಂಟೆಂಪೊರರಿ ಎಂಬ ಹೋಟೆಲನ್ನಂತೂ ರೈಲು ಅದರ ಹೊಟ್ಟೆಯೊಳಗೆ ಹಾದುಹೋಗುವಂತೆ ಕಟ್ಟಿದ್ದಾರೆ. 1982ರಲ್ಲಿ ಮೂರನೆಯ ಮಾರ್ಗವೊಂದು ಹೊಸದಾದ ಎಪ್ಕಾಟ್ ಉದ್ಯಾನಕ್ಕೆ ಹೋಗಿ, ಅದರೊಳಗೆ ಒಂದು ಸುತ್ತು ಹಾಕಿ ಹಿಂದಿರುಗುವಂತೆ ಸೇರಿತು.

ಎಲ್ಲ ಮಾರ್ಗಗಳೂ ಹೀಗೆ ಉಂಗುರಗಳೇ ಆಗಿರುವುದೇಕೆ? ಒಂದೇ ದಿಕ್ಕಿನಲ್ಲಿ ಸುತ್ತುವ ರೈಲು ಹಿಂದಕ್ಕೆ ತಿರುಗಬೇಕಾಗಿಲ್ಲ, ಮಾರ್ಗ ಬದಲಿಸಬೇಕಾಗಿಲ್ಲ. ನಾಲ್ಕು ನಿಮಿಷಕ್ಕೊಂದು ರೈಲು ಬರುವುದೆಂದು ಎಣಿಸಿದರೆ ಗಂಟೆಗೆ 15 ರೈಲುಗಳು. ಒಂದೊಂದರಲ್ಲಿ 360 ಜನರೆಂದರೆ 5,400 ಮಂದಿ ದಾಟುತ್ತಾರೆ. ಆದರೆ ಒಂದೇ ತೊಲೆಯ ಮೇಲೆ ಒಂದು ರೈಲು ಇನ್ನೊಂದನ್ನು ಹಿಂದಿಕ್ಕಲಾರದು. ಒಂದು ಹೋಟೆಲಿನ ನಿಲ್ದಾಣದಲ್ಲಿ ಹತ್ತುವವರು ತಡಮಾಡಿದರೆ ಹಿಂದಿನ ರೈಲುಗಳೆಲ್ಲವೂ ಕಾಯಬೇಕು. ಉದ್ಯಾನಕ್ಕೆ ನೇರವಾಗಿ ಹೋಗುವವರಿಗೆ ಬೇರೆಯದೇ ತೊಲೆ ಏಕೆ ಬೇಕಾಯಿತೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಮಾರ್ಗ ಬದಲಿಸುವುದಕ್ಕೆ ಇಷ್ಟೊಂದು ಹೆದರಿಕೆ ಏಕೆಂದು ವಾಚಕರು ಕೇಳಬಹುದು. ಸಾಮಾನ್ಯ ರೈಲಿನ ಚಕ್ರಕ್ಕೆ ಒಳಬದಿಯಲ್ಲಿ ಅಂಚು ಇರುತ್ತದೆ. ಹಳಿಯ ಚೂಪಾದ ನಾಲಿಗೆಯೊಂದನ್ನು ಕೆಲವೇ ಅಂಗುಲ ಸರಿಸಿದರೆ ಸಾಕು, ಆ ಅಂಚು ಗಾಡಿಯನ್ನು ಇನ್ನೊಂದು ದಾರಿಗೆ ಎಳೆಯುತ್ತದೆ. ತೊಲೆಯನ್ನು ಅಪ್ಪಿಕೊಂಡಿರುವ ಮಾನೋರೈಲಿಗೆ ಈ ಉಪಾಯ ನಡೆಯದು. ಅಲ್ಲಿ ತೊಲೆಯ ಉದ್ದನೆಯ ಭಾಗವನ್ನೇ ಯಂತ್ರಬಲದಿಂದ ಪಕ್ಕಕ್ಕೆ ಸರಿಸಿ ಇನ್ನೊಂದು ತೊಲೆಗೆ ಹೊಂದಿಸಬೇಕು. ಇದು ನಿಧಾನದ ಕೆಲಸ, ಎಚ್ಚರದ ಕೆಲಸ. ಹಗಲೆಲ್ಲ ಉಂಗುರದಲ್ಲಿ ಸುತ್ತಿದ ರೈಲುಗಳು ರಾತ್ರಿ ಷೆಡ್ಡಿಗೆ ಹೋಗಬೇಕಾದಾಗ ಇದನ್ನು ಮಾಡದೆ ವಿಧಿಯಿಲ್ಲ.

ಅಪಾಯ ಕಾದಿದ್ದುದೂ ಅಲ್ಲಿಯೇ. 2009ರ ಜುಲೈ 5ರಂದು ರಾತ್ರಿ ಸುಮಾರು ಎರಡು ಗಂಟೆಗೆ ಎಪ್ಕಾಟ್ ಮಾರ್ಗದ ರೈಲೊಂದು ಹಿಮ್ಮುಖವಾಗಿ ಚಲಿಸಿ ಇನ್ನೊಂದು ಮಾರ್ಗಕ್ಕೆ ಹೋಗಬೇಕಾಗಿತ್ತು. ಆದರೆ ತೊಲೆ ಸರಿದಿರಲಿಲ್ಲ. ರೈಲು ಬಂದ ದಾರಿಯಲ್ಲಿಯೇ ಹಿಂದಕ್ಕೆ ಹೋಗಿ, ನಿಲ್ದಾಣದಲ್ಲಿದ್ದ ಮತ್ತೊಂದು ರೈಲಿಗೆ ಬಡಿಯಿತು. ಆ ರೈಲಿನ 21 ವರ್ಷದ ಚಾಲಕ ಮಡಿದನು. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಲಿ ತನಿಖೆ ನಡೆಸಿತು. ತೊಲೆಯನ್ನು ಸರಿಯಾಗಿ ಹೊಂದಿಸದೆ ಹೋದುದು ಕಾರಣವೆಂದೂ, ರೈಲನ್ನು ಹಿಮ್ಮುಖವಾಗಿ ನಡೆಸುವುದಕ್ಕೆ ನಿಶ್ಚಿತ ನಿಯಮಗಳು ಇಲ್ಲದಿದ್ದುದು ಅದಕ್ಕೆ ಸಹಾಯಕವಾಯಿತೆಂದೂ ಅದು ತಿಳಿಸಿತು. ದಿನವೂ ನಡೆಯುವ ಮುಖ್ಯ ಕೆಲಸಕ್ಕೆ ಯಂತ್ರ ಎಷ್ಟೇ ಒಪ್ಪುವಂತಿದ್ದರೂ, ಅಪರೂಪದ ಕೆಲಸವನ್ನು ಅಲಕ್ಷಿಸಿದರೆ ಅಲ್ಲಿಯೇ ಪ್ರಾಣಹಾನಿ ಸಂಭವಿಸುತ್ತದೆ.

ಟೋಕಿಯೋ ನಗರದ ಬಳಿಯ ಡಿಸ್ನಿ ವಿಹಾರನಗರದಲ್ಲಿ 2001ರಲ್ಲಿ ಆರಂಭವಾದ ಮಾನೋರೈಲೂ ಉಂಗುರವೇ. ಐದು ಕಿಲೋಮೀಟರ್ ಸುತ್ತಳತೆ, ನಾಲ್ಕು ನಿಲ್ದಾಣಗಳು, ಒಂದೇ ದಿಕ್ಕು. ಸಾಮಾನ್ಯ ನಗರಕ್ಕಾದರೋ ಇಷ್ಟರಿಂದ ಸಾಲದು. ಅಲ್ಲಿ ಮಾರ್ಗಗಳು ಕವಲೊಡೆಯಬೇಕು, ಜನಸಂದಣಿಗೂ ಮಿತಿಯಿಲ್ಲ. ನಮ್ಮ ಮುಂಬಯಿಯಲ್ಲಿ 2014ರಲ್ಲಿ ಮಾನೋರೈಲು ಆರಂಭವಾಯಿತು. 2025ರ ಆಗಸ್ಟ್ ತಿಂಗಳಲ್ಲಿ ಭಾರಿ ಮಳೆ ಸುರಿದ ದಿನ, ಮಿತಿಮೀರಿ ಜನರು ತುಂಬಿದ್ದ ರೈಲೊಂದು ಎತ್ತರದಲ್ಲಿಯೇ ನಿಂತುಬಿಟ್ಟಿತು. ಒಳಗಿದ್ದ ನೂರಾರು ಮಂದಿಯನ್ನು ಅಗ್ನಿಶಾಮಕ ದಳದವರು ಕೆಳಗಿಳಿಸಬೇಕಾಯಿತು. ಒಂಟಿ ತೊಲೆಯ ಪಕ್ಕದಲ್ಲಿ ಇಳಿದು ನಡೆಯಲು ದಾರಿಯಿಲ್ಲವಷ್ಟೆ.

ಹೀಗೆ ನೋಡಿದರೆ ವಿಹಾರನಗರದಲ್ಲಿ ಮಾನೋರೈಲು ಗೆದ್ದುದಕ್ಕೆ ಕೇವಲ ಯಂತ್ರದ ಚಾತುರ್ಯ ಕಾರಣವಲ್ಲ. ಸರೋವರ, ಹೋಟೆಲು, ಉದ್ಯಾನ, ಕಾರಿನ ಬಯಲು ಎಲ್ಲವನ್ನೂ ರೈಲಿನ ಸ್ವಭಾವಕ್ಕೆ ಒಪ್ಪುವಂತೆ ಮೊದಲೇ ಇಟ್ಟು ಊರನ್ನು ಕಟ್ಟಿದರು. ಊರು ಮೊದಲೇ ಇದ್ದೆಡೆ ಆ ಸೌಕರ್ಯವಿಲ್ಲ. ವಾಹನವನ್ನು ಆರಿಸುವ ಮುನ್ನ ಊರಿನ ನಕ್ಷೆಯನ್ನು ಮುಂದಿಟ್ಟುಕೊಂಡು, ಜನರು ಎಲ್ಲಿಂದ ಎಲ್ಲಿಗೆ, ಎಷ್ಟು ಮಂದಿ ಹೋಗುವರೆಂದು ಕೇಳಿಕೊಳ್ಳುವುದು ಲೇಸು. ಊರ ತೋಪಿನಲ್ಲಿ ಗಾಡಿ ನಿಲ್ಲಿಸುವಂತೆ ಗೊತ್ತುಮಾಡಿದ ನಮ್ಮ ಹಿರಿಯರೂ ಈ ಪ್ರಶ್ನೆಯನ್ನು ಕೇಳಿಕೊಂಡೇ ಇದ್ದಿರಬೇಕು.