ಪೈಸೆಯ ಕುಲುಮೆ

ಪುಣೆಯಿಂದ ಮುಂಬಯಿಗೆ ಹೋಗುವ ರೈಲುಮಾರ್ಗದಲ್ಲಿ, ಮಾವಳ ಪ್ರಾಂತದ ಗುಡ್ಡಗಳು ಸಮೀಪಿಸುವ ಎಡೆಯಲ್ಲಿರುವ ತಳೇಗಾಂವ ದಾಭಾಡೆಯನ್ನು ಇತಿಹಾಸಪ್ರಿಯರು ಮರಾಠಾ ಸೇನಾಪತಿ ಖಂಡೇರಾವ್ ದಾಭಾಡೆಯ ಊರೆಂದು ಬಲ್ಲರು. ನನಗಾದರೋ ಆ ಊರಿನಲ್ಲಿ ಸೇನಾಪತಿಗಿಂತಲೂ ಹೆಚ್ಚು ಕುತೂಹಲ ಹುಟ್ಟಿಸಿದಾತನು, ಸೈನ್ಯವಿಲ್ಲದೆ, ಸಂಪತ್ತಿಲ್ಲದೆ, ಮನೆಮನೆಯ ಬಾಗಿಲಿಗೆ ಹೋಗಿ ಒಂದೇ ಒಂದು ಪೈಸೆಯನ್ನು ಬೇಡಿದ ಅಂತಾಜಿ ದಾಮೋದರ ಕಾಳೆ.

ಅದು ಎಂಥ ಕಾಲವೆಂಬುದನ್ನು ನೆನೆಯಬೇಕು. 1896-97ರ ಕ್ಷಾಮ ದಖ್ಖನವನ್ನೂ ನಮ್ಮ ವಿಜಾಪುರದ ಸೀಮೆಯನ್ನೂ ಸುಟ್ಟಿತ್ತು; ಅದರ ಬೆನ್ನಿಗೇ ಪುಣೆಗೆ ಪ್ಲೇಗು ಬಂದಿತ್ತು; ಜನ ಉಸಿರು ತಿರುಗಿಸಿಕೊಳ್ಳುವಷ್ಟರಲ್ಲಿ 1899-1900ರ ಇನ್ನೊಂದು ಬರ ಎರಗಿತ್ತು. ಎತ್ತು ಮಾರಿ, ಪಾತ್ರೆ ಒತ್ತೆಯಿಟ್ಟು, ಕಡೆಗೆ ಸರಕಾರದ ಬರಗಾಲದ ಕಾಮಗಾರಿಯಲ್ಲಿ ಕಲ್ಲೊಡೆಯಲು ಹೋದ ಕುಟುಂಬಗಳು ಅಸಂಖ್ಯ. ಆ ದಿನಗಳಲ್ಲಿ ಕಾಳೆಯವರಿಗೆ ಹೊಳೆದ ಲೆಕ್ಕ ಮಗುವಿಗೂ ತಿಳಿಯುವಂಥದು: ದೇಶದಲ್ಲಿ ಮೂವತ್ತು ಕೋಟಿ ಜನ, ತಲೆಗೆ ವರ್ಷಕ್ಕೊಂದು ಪೈಸೆ, ರೂಪಾಯಿಗೆ 64 ಪೈಸೆಯಂತೆ ಎಣಿಸಿದರೆ 46 ಲಕ್ಷ 87 ಸಾವಿರದ 500 ರೂಪಾಯಿ. ಆ ಹಣದಿಂದ ಉದ್ಯಮಗಳನ್ನು ಹೂಡಿ, ಕೆಲಸವಿಲ್ಲದ ಕೈಗಳಿಗೆ ಕಸುಬು ಕಲಿಸಬೇಕು. ಲೋಕಮಾನ್ಯ ತಿಲಕರು ಈ ಪೈಸಾ ಫಂಡಿನ ಬೆನ್ನಿಗೆ ನಿಂತರು. ಮೂವತ್ತು ಕೋಟಿಯ ಕನಸು ಕೈಗೂಡಲಿಲ್ಲವೆಂಬುದು ಬೇರೆ ಮಾತು. ಊರೂರು ತಿರುಗಿ ಕೂಡಿಸಿದ ತಾಮ್ರದ ಬಿಲ್ಲೆಗಳಿಂದಲೇ 1908ರಲ್ಲಿ ತಳೇಗಾಂವದಲ್ಲಿ ಗಾಜಿನ ಕಾರಖಾನೆಯೊಂದು ಎದ್ದು ನಿಂತಿತು. ಅದೇ ವರ್ಷ ತಿಲಕರಿಗೆ ಆರು ವರ್ಷಗಳ ಶಿಕ್ಷೆಯಾಗಿ ಅವರು ಮಂಡಾಲೆಯ ಸೆರೆಮನೆಗೆ ನಡೆದರು.

ಇದೇ ನೆಲದಲ್ಲಿ ಅದಕ್ಕೂ ಸುಮಾರು ಎರಡು ಶತಮಾನಗಳ ಹಿಂದೆ ಬೇರೊಂದು ಬಗೆಯ ದಾನ ನಡೆದಿತ್ತು. ಶ್ರಾವಣಮಾಸದಲ್ಲಿ ವಿದ್ವಾಂಸರಾದ ಬ್ರಾಹ್ಮಣರನ್ನು ಕರೆದು ದಕ್ಷಿಣೆ ಕೊಡುವ ಪದ್ಧತಿಯನ್ನು ಖಂಡೇರಾಯರು ತಳೇಗಾಂವದಲ್ಲಿ ಆರಂಭಿಸಿದ್ದರು. 1731ರಲ್ಲಿ ಅವರ ಮಗ ತ್ರಿಂಬಕರಾವ್ ಡಭೋಯಿಯ ಕಾಳಗದಲ್ಲಿ ಮಡಿದ ಬಳಿಕ ಪೇಶ್ವೆ ಬಾಜೀರಾಯರು ಅದನ್ನು ಪುಣೆಗೆ ಒಯ್ದರು. ಆಂಗ್ಲರ ಆಳಿಕೆಯಲ್ಲಿ ಅದು ವರ್ಷಕ್ಕೆ 50,000 ರೂಪಾಯಿಗೆ ಇಳಿದು, ಅದರದೊಂದು ಭಾಗ 1821ರ ಪುಣೆಯ ಸಂಸ್ಕೃತ ಪಾಠಶಾಲೆಗೆ ಆಧಾರವಾಯಿತು. ಆ ದಾನದಿಂದ ಅನೇಕ ಪಂಡಿತರ ಮನೆಗಳಲ್ಲಿ ಒಲೆ ಉರಿದುದನ್ನು ಅಲ್ಲಗಳೆಯಲಾರೆ. ಆದರೆ ಅಲ್ಲಿ ಕೊಡುವವನೊಬ್ಬ, ಕೈಯೊಡ್ಡುವವರು ಸಾವಿರ. ಕಾಳೆಯವರ ಯೋಜನೆಯಲ್ಲಿ ಬಡವನೂ ದಾನಿಗಳ ಪಂಕ್ತಿಯಲ್ಲಿ ಕುಳಿತವನು. ಕಷ್ಟಕ್ಕೊಳಗಾದವನ ಮರ್ಯಾದೆಯನ್ನು ಕಾಯುವ ಈ ಸೂಕ್ಷ್ಮವು ಎಷ್ಟೋ ದೊಡ್ಡ ಧರ್ಮಸಂಸ್ಥೆಗಳಿಗೂ ತಿಳಿಯದೆಂದು ನನ್ನ ನಂಬಿಕೆ.

ಕಾರಖಾನೆಯ ಹೊಣೆ ಹೊತ್ತವರು ಜಪಾನಿನಲ್ಲಿಯೂ ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿಯೂ ವಿದ್ಯೆ ಪಡೆದು ಬಂದ ಈಶ್ವರದಾಸ ವಾರ್ಷ್ಣೇಯ. ದೀಪದ ಬುರುಡೆಗಳೂ ಬಳೆಗಳೂ ಹಡಗಿನಲ್ಲಿ ಬರುತ್ತಿದ್ದ ಕಾಲದಲ್ಲಿ ಗಾಜು ಊದುವುದು ಸಣ್ಣ ವಿದ್ಯೆಯಾಗಿರಲಿಲ್ಲ. ಮರಳು, ಸೋಡಾ, ಸುಣ್ಣಗಳನ್ನು ಬೆರೆಸಿ ಬೆಂಕಿಮಣ್ಣಿನ ಮೂಸೆಗಳಲ್ಲಿ ತುಂಬಿ, ಸುಮಾರು 1400 ಡಿಗ್ರಿಯ ಉರಿಯಲ್ಲಿ ಕರಗಿಸಬೇಕು. ಪಾಕವನ್ನು ಕಬ್ಬಿಣದ ಊದುಗೊಳವೆಯ ತುದಿಗೆ ಸುತ್ತಿಕೊಂಡು, ಸಮತಟ್ಟಾದ ಲೋಹದ ಹಲಗೆಯ ಮೇಲೆ ಹೊರಳಿಸಿ, ಜೋತುಬೀಳದಂತೆ ಕೊಳವೆಯನ್ನು ತಿರುಗಿಸುತ್ತಲೇ ಅಚ್ಚಿನೊಳಗೆ ಊದಬೇಕು. ಅಚ್ಚಿನಿಂದ ತೆಗೆದ ಬುರುಡೆಯನ್ನು ಕೂಡಲೇ ಬಿಸಿಯ ಗೂಡಿನಲ್ಲಿಟ್ಟು ಮೆಲ್ಲಮೆಲ್ಲನೆ ಆರಿಸದಿದ್ದರೆ, ಯಾರೂ ಮುಟ್ಟದೆಯೇ ಅದು ತಾನಾಗಿ ಬಿರಿಯುತ್ತದೆ. ಈ ವಿದ್ಯೆಯನ್ನು ಬೇರೆ ಬೇರೆ ಪ್ರಾಂತಗಳ ತರುಣರು ಇಲ್ಲಿ ಕಲಿತು, ತಮ್ಮ ತಮ್ಮ ಕಡೆಯ ಗಾಜಿನ ಕಾರಖಾನೆಗಳಿಗೆ ಹೋಗಿ ನೆಲೆಸಿದರು. ವಾರ್ಷ್ಣೇಯರೇ ಮುಂದೆ ಉತ್ತರದ ಬಹಜೋಯಿಯಲ್ಲಿ ತಮ್ಮದೇ ಕಾರಖಾನೆಯನ್ನು ಕಟ್ಟಿದರು. ತಳೇಗಾಂವಕ್ಕೆ ಬಂದ ಲಾಭವನ್ನು ಖಾತೆಪುಸ್ತಕದಲ್ಲಿ ಹುಡುಕುವುದಕ್ಕಿಂತ ಇಲ್ಲಿ ಕಸುಬು ಕಲಿತವರ ಮನೆಗಳಲ್ಲಿ ಹುಡುಕುವುದು ನ್ಯಾಯ.

ಹಾಗೆಂದು ಕುಲುಮೆಯೊಂದೇ ಸಾಕೆನ್ನುವಂತಿಲ್ಲ. ಇಂದು ರಾತ್ರಿ ಹಸಿದ ಮಗುವಿಗೆ ಮುಂದಿನ ವರ್ಷದ ಕಸುಬಿನಿಂದ ಏನು ಪ್ರಯೋಜನ? ಅದಕ್ಕೆ ನಮ್ಮ ಧಾರವಾಡ, ಮೈಸೂರುಗಳ ಗೃಹಿಣಿಯರು ವಾರಾನ್ನವನ್ನು ನಡೆಸಿದರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಎಂದು ಉಂಡು ಓದಿದ ಹುಡುಗರು ಮುಂದೆ ಮುನ್ಸೀಫರೂ ಮಾಸ್ತರರೂ ಆದರು. ಆ ಅನ್ನದಲ್ಲಿ ಒಮ್ಮೊಮ್ಮೆ ಅವಮಾನದ ಕಲ್ಲೂ ಸಿಕ್ಕುತ್ತಿತ್ತು, ಜಾತಿಯ ಬೇಲಿಯಂತೂ ಇದ್ದೇ ಇತ್ತು. ಆದರೂ ತಾವು ಅರೆಹೊಟ್ಟೆಯಲ್ಲಿದ್ದು ಪರರ ಮಗನಿಗೆ ಬಡಿಸಿದ ತಾಯಂದಿರನ್ನು ಮರೆತು ಕಾಳೆಯವರನ್ನು ಮಾತ್ರ ಹೊಗಳಿದರೆ ಕೃತಘ್ನತೆಯಾದೀತು.

ಈಗಿನ ತಳೇಗಾಂವ ಉದ್ಯಮನಗರ. ಪೈಸಾ ಫಂಡಿನ ಕಾರಖಾನೆಗೆ ನೂರು ತುಂಬಿದ 2008ರಲ್ಲಿಯೇ ಜನರಲ್ ಮೋಟಾರ್ಸ್ ಅಲ್ಲಿ ಕಾರು ತಯಾರಿಕೆಯನ್ನು ಆರಂಭಿಸಿತು. 2020ರ ಡಿಸೆಂಬರಿನಲ್ಲಿ, ರೋಗಭಯ ಇನ್ನೂ ಹರಡಿದ್ದಾಗಲೇ, ಉತ್ಪಾದನೆ ನಿಂತು ಸಾವಿರಕ್ಕೂ ಮಿಕ್ಕಿದ ಕಾರ್ಮಿಕರ ಸಂಸಾರಗಳು ಚಿಂತೆಗೊಳಗಾದವು. ಬರಗಾಲ ರೂಪ ಬದಲಿಸಿಕೊಂಡು ಬರುತ್ತದೆ. ಕಾಳೆಯವರು ಬೇಡಿದ ಪೈಸೆ 1957ರ ದಶಮಾಂಶ ಪದ್ಧತಿಯಲ್ಲಿ ಹಳತಾಯಿತು. ಹೊಸ ಪೈಸೆಯ ಚಿಲ್ಲರೆಯಲ್ಲಿ 25 ಪೈಸೆ ಹಾಗೂ ಅದಕ್ಕಿಂತ ಕಡಿಮೆ ಬೆಲೆಯ ನಾಣ್ಯಗಳೂ 2011ರಲ್ಲಿ ಚಲಾವಣೆ ಕಳೆದುಕೊಂಡವು. ಸಂಕಟದಲ್ಲಿರುವವರಿಗೆಂದು ಇಂದು ಕುಳಿತಲ್ಲಿಂದಲೇ ಮೊಬೈಲಿನಲ್ಲಿ ಸಾವಿರಾರು ರೂಪಾಯಿ ಕಳುಹಿಸುವವರಿದ್ದಾರೆ, ಅದು ಸಂತೋಷವೇ. ಕೂಲಿಯವಳ ಹೊಸ್ತಿಲಲ್ಲಿಯೂ ನಿಂತು, "ನಿನ್ನದೂ ಒಂದಿರಲಿ, ತಾಯೀ" ಎಂದು ಕೇಳುವವರು ಮಾತ್ರ ಈಗ ಬರುವುದಿಲ್ಲ.