ತಲೆಯ ಜಡೆ ದೇವಿಯ ಕರೆಯಲ್ಲ, ಬಿಡಿಸದೆ ಬಿಟ್ಟ ಸಿಕ್ಕು

ಶಿಗ್ಗಾಂವ: ಉದ್ದನೆಯ, ದಟ್ಟವಾದ ಕೂದಲನ್ನು ಹೆಣ್ಣುಮಕ್ಕಳ ಸೌಭಾಗ್ಯವೆಂದು ಎಣಿಸುವ ನಾಡು ನಮ್ಮದು. ವಾರಕ್ಕೊಮ್ಮೆ ಕೊಬ್ಬರಿ ಎಣ್ಣೆ ಹಚ್ಚಿ, ಸೀಗೆಕಾಯಿ ಹಾಕಿ ಎರೆದುಕೊಂಡು, ಬಿಸಿಲಿಗೆ ಕುಳಿತು ಕೂದಲು ಆರಿಸಿಕೊಳ್ಳುವ ದೃಶ್ಯ ಶಿಗ್ಗಾಂವ, ಸವಣೂರು, ಹಾನಗಲ್ಲ ಭಾಗದ ಹಳ್ಳಿಗಳಲ್ಲಿ ಇಂದಿಗೂ ಅಪರೂಪವಲ್ಲ. ಆದರೆ ಇದೇ ಕೂದಲು ಕೆಲವು ಮನೆಗಳಲ್ಲಿ ಭಯಕ್ಕೂ ಕಾರಣವಾಗುತ್ತದೆ. ಬಾಲಕಿಯೊಬ್ಬಳ ಹಿಂದಲೆಯಲ್ಲಿ ಹಣಿಗೆಗೆ ಬಗ್ಗದ ಗಂಟೊಂದು ಕಾಣಿಸಿಕೊಂಡು, ಕ್ರಮೇಣ ಹಗ್ಗದಂತೆ ಗಟ್ಟಿಯಾದರೆ ‘ಎಲ್ಲಮ್ಮ ಜಡೆಯಾಗಿ ಬಂದಿದ್ದಾಳೆ’ ಎಂದು ನಂಬುವವರು ಉತ್ತರ ಕರ್ನಾಟಕದಲ್ಲಿ ಇನ್ನೂ ಇದ್ದಾರೆ. ಅಂದಿನಿಂದ ಆ ತಲೆಗೆ ಹಣಿಗೆಯೂ ನಿಷಿದ್ಧ, ಕತ್ತರಿಯೂ ನಿಷಿದ್ಧ.

ಇಲ್ಲಿ ಜಡೆ ಎಂದರೆ ಹೆಣೆದು ಹೂ ಮುಡಿಯುವ ಹೆರಳಲ್ಲ. ಬಿಡಿಸಲಾಗದಂತೆ ಒಂದಕ್ಕೊಂದು ಹೊಸೆದುಕೊಂಡ ಕೂದಲಿನ ಮುದ್ದೆ. ಇದು ಹೇಗೆ ಉಂಟಾಗುತ್ತದೆ, ತಡೆಯುವ ಬಗೆ ಯಾವುದು, ಉಂಟಾದ ಮೇಲೆ ಮಾಡಬೇಕಾದುದೇನು ಎಂಬುದನ್ನು ಪ್ರತಿಯೊಂದು ಮನೆಯವರೂ ತಿಳಿದಿರುವುದು ಅವಶ್ಯ.

ಕೂದಲಿನ ರಚನೆ

ಮನುಷ್ಯನ ತಲೆಯಲ್ಲಿ ಸರಾಸರಿ ಒಂದು ಲಕ್ಷದಷ್ಟು ಕೂದಲುಗಳಿರುತ್ತವೆ. ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್‌ನಷ್ಟು ಅವು ಬೆಳೆಯುತ್ತವೆ. ಚರ್ಮದೊಳಗಿನ ಬೇರು ಮಾತ್ರ ಜೀವಂತವಾದುದು. ಹೊರಗೆ ಕಾಣುವ ಎಳೆ ಕೆರಟಿನ್ ಎಂಬ ಪ್ರೋಟೀನಿನಿಂದಾದ ನಿರ್ಜೀವ ವಸ್ತು; ಉಗುರೂ ಅದೇ ಪ್ರೋಟೀನಿನಿಂದ ಆದುದು. ಎಳೆಯಲ್ಲಿ ನರವೂ ಇಲ್ಲ, ರಕ್ತವೂ ಇಲ್ಲ.

ಪ್ರತಿಯೊಂದು ಎಳೆಯ ಮೇಲೆ ಮನೆಯ ಹೆಂಚಿನಂತೆ ಒಂದರ ಮೇಲೊಂದು ಹೊಂದಿಕೊಂಡ ಸೂಕ್ಷ್ಮ ಪರೆಗಳಿರುತ್ತವೆ. ಈ ಪರೆಗಳು ಸಮವಾಗಿ ಮಲಗಿರುವಾಗ ಕೂದಲು ನಯವಾಗಿ ಜಾರುತ್ತದೆ. ಕ್ಷಾರಯುಕ್ತ ಸಾಬೂನು, ಬಿಸಿಲು, ಒರಟಾದ ತಿಕ್ಕಾಟ ಇವುಗಳಿಂದ ಪರೆಗಳು ಎದ್ದುನಿಂತರೆ ಒಂದು ಎಳೆಯ ಪರೆ ಇನ್ನೊಂದು ಎಳೆಯ ಪರೆಗೆ ಸಿಕ್ಕಿಕೊಳ್ಳುತ್ತದೆ. ಕುರಿಯ ಉಣ್ಣೆಯ ಬಟ್ಟೆಯನ್ನು ಬಿಸಿನೀರು, ಸಾಬೂನು ಹಾಕಿ ಉಜ್ಜಿದರೆ ಅದು ಕುಗ್ಗಿ ದಪ್ಪಗಟ್ಟುವುದನ್ನು ಅನೇಕರು ಕಂಡಿರಬಹುದು. ತಲೆಯಲ್ಲಿ ಜಡೆ ಕಟ್ಟುವಾಗ ನಡೆಯುವುದೂ ಬಹುಮಟ್ಟಿಗೆ ಇದೇ ಕ್ರಿಯೆ.

ಗುಂಗುರು ಕೂದಲಿನವರಿಗೆ ಈ ತೊಂದರೆ ಹೆಚ್ಚು. ಅವರ ಕೂದಲಿನ ಬೇರುಚೀಲವೇ ಬಾಗಿರುವುದರಿಂದ ಎಳೆ ಸುರುಳಿಯಾಗಿ ಹೊರಬರುತ್ತದೆ. ನೆತ್ತಿಯ ಚರ್ಮ ಸ್ರವಿಸುವ ಸಹಜ ಎಣ್ಣೆಯಂಶವು ನೇರ ಕೂದಲಿನಲ್ಲಿ ತುದಿಯವರೆಗೆ ಸುಲಭವಾಗಿ ಇಳಿಯುತ್ತದೆ. ಸುರುಳಿಯಲ್ಲಿ ಅದು ಮಧ್ಯದಲ್ಲಿಯೇ ನಿಲ್ಲುತ್ತದೆ. ಆದ್ದರಿಂದ ಗುಂಗುರು ಕೂದಲಿನ ತುದಿ ಒಣಗಿ, ಬೇಗನೆ ಸಿಕ್ಕಾಗುತ್ತದೆ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಎಲ್ಲರಿಗೂ ಸಹಜ. ಬಾಚದೆ ಬಿಟ್ಟ ತಲೆಯಲ್ಲಿ ಈ ಉದುರಿದ ಕೂದಲುಗಳು ಹೊರಹೋಗದೆ ಒಳಗೇ ಸುತ್ತಿಕೊಂಡು ಗಂಟಿಗೆ ಹುರಿಯಂತಾಗುತ್ತವೆ.

ಯಾರಿಗೆ ಜಡೆ ಕಟ್ಟುತ್ತದೆ?

ಹಲವು ದಿನಗಳ ಕಾಲ ತಲೆ ಬಾಚಲಾಗದ ಸ್ಥಿತಿಯೇ ಜಡೆಗೆ ಮುಖ್ಯ ಕಾರಣ. ದೀರ್ಘಕಾಲದ ಜ್ವರದಿಂದ ಹಾಸಿಗೆ ಹಿಡಿದವರು, ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡು ವಾರಗಟ್ಟಲೆ ಮಲಗುವ ಬಾಣಂತಿಯರು, ಹೇನಿನ ಕಾಟದಿಂದ ನೆತ್ತಿಯಲ್ಲಿ ಹುಣ್ಣಾದ ಮಕ್ಕಳು, ಖಿನ್ನತೆ ಅಥವಾ ಇತರ ಮಾನಸಿಕ ಅಸ್ವಸ್ಥತೆಯಿಂದ ತಮ್ಮ ಮೈಯ ಪರಿವೆ ಕಳೆದುಕೊಂಡವರು, ಇವರಲ್ಲಿ ಜಡೆ ಕಾಣಿಸಿಕೊಳ್ಳುವ ಸಂಭವ ಅಧಿಕ. ನೆತ್ತಿಯ ಹುಣ್ಣಿನಿಂದ ಒಸರುವ ಕೀವು, ಹಳೆಯ ಎಣ್ಣೆಯ ಜಿಡ್ಡು, ಹೊಲದ ಧೂಳು ಇವು ಮೂರೂ ಸೇರಿದರೆ ಅಂಟಿನ ಕೆಲಸ ಮಾಡುತ್ತವೆ.

ನೀರಿನ ಪಾತ್ರವೂ ಇದೆ. ಸವಳು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಅಧಿಕವಾಗಿರುತ್ತವೆ. ಆ ನೀರಿನಲ್ಲಿ ಮೈಸಾಬೂನು ಅಥವಾ ಬಟ್ಟೆಸಾಬೂನು ಹಾಕಿ ತಲೆ ತೊಳೆದರೆ ನೊರೆ ಬರುವುದಕ್ಕೆ ಬದಲು ಬಿಳಿಯ ಜಿಗುಟಾದ ಕಿಟ್ಟ ಕೂದಲಿಗೆ ಅಂಟುತ್ತದೆ. ಹತ್ತಿ ಬಿಡಿಸುವ, ಗೋವಿನಜೋಳ ಮುರಿಯುವ ಹಂಗಾಮಿನಲ್ಲಿ ಕೂಲಿಗೆ ಹೋಗಿ ಬಂದ ತಾಯಂದಿರಿಗೆ ತಮ್ಮ ತಲೆಯನ್ನಾಗಲಿ ಮಗಳ ತಲೆಯನ್ನಾಗಲಿ ಅರ್ಧ ಗಂಟೆ ಕುಳಿತು ಬಾಚುವಷ್ಟು ಬಿಡುವು ಸಿಗುವುದಿಲ್ಲ ಎಂಬುದನ್ನೂ ಮರೆಯುವಂತಿಲ್ಲ. ಜಡೆಯ ಹಿಂದೆ ಬಡತನದ ಪಾಲೂ ಇದೆ.

ನಂಬಿಕೆ ತೆರುವ ಬೆಲೆ

ಗಂಟು ಚಿಕ್ಕದಾಗಿರುವಾಗಲೇ ಬಿಡಿಸಿದ್ದರೆ ಅದು ಒಂದು ಮಧ್ಯಾಹ್ನದ ಕೆಲಸ. ಆದರೆ ದೇವಿಯ ಕುರುಹೆಂದು ನಂಬಿದ ಮನೆಯಲ್ಲಿ ಅದಕ್ಕೆ ಭಂಡಾರ ಹಚ್ಚಿ ಪೂಜೆ ಆರಂಭವಾಗುತ್ತದೆ. ಮುಟ್ಟುವವರಿಲ್ಲದೆ ಗಂಟು ಬೆಳೆಯುತ್ತದೆ. ಬೆಳೆದಷ್ಟೂ ನಂಬಿಕೆ ಬಲಿಯುತ್ತದೆ. ಕತ್ತರಿಸಿದರೆ ರಕ್ತ ಬರುತ್ತದೆ, ಮನೆಯಲ್ಲಿ ಸಾವು ಸಂಭವಿಸುತ್ತದೆ ಎಂಬ ಹೆದರಿಕೆ ಜೊತೆಗೂಡುತ್ತದೆ. ಸವದತ್ತಿಯ ಎಲ್ಲಮ್ಮನ ಹೆಸರಿನಲ್ಲಿ ಬಾಲಕಿಯರಿಗೆ ಮುತ್ತು ಕಟ್ಟಿ ದೇವದಾಸಿಯರನ್ನಾಗಿ ಮಾಡಿದ ಪ್ರಕರಣಗಳಲ್ಲಿ ತಲೆಯಲ್ಲಿ ಕಾಣಿಸಿಕೊಂಡ ಜಡೆಯೇ ನೆಪವಾದದ್ದು ಉಂಟು. ಹೀಗೆ ಬಲಿಯಾದವರಲ್ಲಿ ಬಹುತೇಕರು ದಲಿತ ಸಮುದಾಯದ ಬಡ ಕುಟುಂಬಗಳ ಹೆಣ್ಣುಮಕ್ಕಳು. ಮುತ್ತು ಕಟ್ಟಿಸಿಕೊಂಡವಳಿಗೆ ಮದುವೆಯಿಲ್ಲ, ಹುಟ್ಟಿದ ಮಕ್ಕಳಿಗೆ ತಂದೆಯ ಹೆಸರಿಲ್ಲ, ವೃದ್ಧಾಪ್ಯದಲ್ಲಿ ಆಸರೆಯಿಲ್ಲ.

ಕಾನೂನು ಈ ಪದ್ಧತಿಯನ್ನು ಒಪ್ಪಿಲ್ಲ. ಶಿಗ್ಗಾಂವವು ಧಾರವಾಡ ಜಿಲ್ಲೆಯ ಭಾಗವಾಗಿ ಮುಂಬಯಿ ಪ್ರಾಂತ್ಯದಲ್ಲಿದ್ದ ಕಾಲದಲ್ಲಿಯೇ, 1934ರಲ್ಲಿ, ಮುಂಬಯಿ ದೇವದಾಸಿ ಸಂರಕ್ಷಣಾ ಕಾಯ್ದೆ ಜಾರಿಗೊಂಡಿತ್ತು. ಕರ್ನಾಟಕ ಸರ್ಕಾರ 1982ರಲ್ಲಿ ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಪ್ರತ್ಯೇಕ ಕಾಯ್ದೆಯನ್ನು ರೂಪಿಸಿತು. ಹುಡುಗಿಯ ಅಥವಾ ಪಾಲಕರ ಒಪ್ಪಿಗೆ ಇದ್ದರೂ ಮುತ್ತು ಕಟ್ಟುವುದು ಅಪರಾಧವೆಂದೂ, ಮುತ್ತು ಕಟ್ಟಿಸಿಕೊಂಡ ಮಹಿಳೆಯ ವಿವಾಹ ಕಾನೂನುಬದ್ಧವೆಂದೂ ಅದು ಸಾರಿತು.

ಜಡೆಯನ್ನು ಕತ್ತರಿಸಲು ಹೆದರುವುದು ನಮ್ಮ ನಾಡಿನ ಜನರ ದೌರ್ಬಲ್ಯ ಮಾತ್ರವೇನಲ್ಲ. ಯುರೋಪಿನ ಪೋಲೆಂಡ್ ದೇಶದಲ್ಲಿ ಶತಮಾನಗಳ ಕಾಲ ಇಂಥದೇ ಭಯವಿತ್ತು. ದೇಹದೊಳಗಿನ ರೋಗವು ಜಡೆಯಾಗಿ ಹೊರಬರುತ್ತದೆ, ಅದನ್ನು ಕತ್ತರಿಸಿದರೆ ರೋಗ ಒಳಸೇರಿ ಮನುಷ್ಯ ಕುರುಡನಾಗುತ್ತಾನೆ ಅಥವಾ ಹುಚ್ಚನಾಗುತ್ತಾನೆ ಎಂದು ಅಲ್ಲಿನ ಜನ ನಂಬಿದ್ದರು. ವೈದ್ಯಶಾಸ್ತ್ರದಲ್ಲಿ ಜಡೆಗೆ ‘ಪ್ಲೈಕಾ ಪೊಲೊನಿಕಾ’ ಎಂಬ ಹೆಸರು ಬಂದುದು ಆ ದೇಶದಿಂದಲೇ. ಕ್ರಾಕೋವ್ ನಗರದ ವೈದ್ಯ ಪ್ರಾಧ್ಯಾಪಕ ಯೂಜೆಫ್ ಡೀಟ್ಲ್ 19ನೆಯ ಶತಮಾನದ ಮಧ್ಯಭಾಗದಲ್ಲಿ ಇದು ರೋಗವಲ್ಲ, ಕೊಳೆ ಮತ್ತು ಅಜ್ಞಾನದ ಫಲ ಎಂದು ಪಟ್ಟುಹಿಡಿದು ಪ್ರಚಾರ ಮಾಡಿದರು. ತಿಳಿವಳಿಕೆ, ಶುಚಿತ್ವಗಳು ಹರಡಿದಂತೆ ಅಲ್ಲಿ ಜಡೆಯೂ ಮರೆಯಾಯಿತು, ಭಯವೂ ಮರೆಯಾಯಿತು.

ನಮ್ಮ ರಾಜ್ಯದಲ್ಲಿಯೇ ಇನ್ನೊಂದು ನಿದರ್ಶನವಿದೆ. ಕೊಪ್ಪಳಕ್ಕೆ ಹೊಂದಿಕೊಂಡ ಭಾಗ್ಯನಗರದಲ್ಲಿ ಕೂದಲು ಸಂಸ್ಕರಣೆ ಬಹಳ ಕುಟುಂಬಗಳ ಜೀವನೋಪಾಯ. ಅಲ್ಲಿಗೆ ಬರುವ ಸಿಕ್ಕುಗಟ್ಟಿದ ಕೂದಲಿನ ರಾಶಿಯನ್ನು ಮಹಿಳೆಯರು ಕೈಯಿಂದಲೇ ಬಿಡಿಸಿ, ಉದ್ದಕ್ಕೆ ತಕ್ಕಂತೆ ವಿಂಗಡಿಸುತ್ತಾರೆ. ಹಾಗೆ ಸಿದ್ಧವಾದ ಕೂದಲು ವಿದೇಶಗಳಿಗೆ ರಫ್ತಾಗುತ್ತದೆ. ಅವರಿಗೆ ಸಿಕ್ಕು ಬಿಡಿಸುವುದು ದಿನಗೂಲಿಯ ಕೆಲಸ. ಅದರಿಂದ ಯಾರಿಗೂ ಕೇಡಾಗಿಲ್ಲ.

ನಿತ್ಯದ ಆರೈಕೆ

ಉದ್ದ ಕೂದಲಿಗೆ ದುಬಾರಿ ಪ್ರಸಾಧನಗಳ ಅಗತ್ಯವಿಲ್ಲ, ಕ್ರಮಬದ್ಧತೆ ಸಾಕು. ಈ ಕೆಳಗಿನ ಅಂಶಗಳನ್ನು ಗಮನದಲ್ಲಿಡುವುದು ಒಳಿತು.

ಬಾಚುವಾಗ ನೆತ್ತಿಯಿಂದ ಕೆಳಕ್ಕೆ ಎಳೆಯಬಾರದು. ಮೊದಲು ತುದಿಯ ನಾಲ್ಕು ಬೆರಳಿನಷ್ಟು ಭಾಗವನ್ನು ಬಿಡಿಸಿ, ಬಳಿಕ ಅದರ ಮೇಲಿನ ಭಾಗ, ಕೊನೆಯಲ್ಲಿ ಬುಡ, ಹೀಗೆ ಕೆಳಗಿನಿಂದ ಮೇಲಕ್ಕೆ ಸಾಗಬೇಕು. ಮೊದಲಿಗೆ ಅಗಲ ಹಲ್ಲಿನ ಹಣಿಗೆಯನ್ನೇ ಬಳಸಬೇಕು.

ಒದ್ದೆ ಕೂದಲು ಬೇಗ ಹಿಗ್ಗಿ ತುಂಡಾಗುತ್ತದೆ. ನೇರ ಕೂದಲಿನವರು ತುಸು ಆರಿದ ಮೇಲೆ ಬಾಚಿಕೊಳ್ಳಬೇಕು. ಗುಂಗುರು ಕೂದಲಿಗೆ ಈ ನಿಯಮ ಅನ್ವಯಿಸದು; ಅದು ಒಣಗಿದಾಗ ಬಾಚಿದರೆ ಹೆಚ್ಚು ಮುರಿಯುತ್ತದೆ. ಆದ್ದರಿಂದ ಕೂದಲು ತೇವವಾಗಿರುವಾಗಲೇ ಸ್ವಲ್ಪ ಕಂಡೀಷನರ್ ಅಥವಾ ಎಣ್ಣೆ ಸವರಿ, ಅಗಲ ಹಲ್ಲಿನ ಹಣಿಗೆಯಿಂದ ನಿಧಾನವಾಗಿ ಬಿಡಿಸಬೇಕು.

ಕೊಬ್ಬರಿ ಎಣ್ಣೆಯನ್ನು ತಲೆ ತೊಳೆಯುವ ಮುನ್ನ ಹಚ್ಚುವ ನಮ್ಮ ಹಿರಿಯರ ರೂಢಿಗೆ ವೈಜ್ಞಾನಿಕ ಆಧಾರವಿದೆ. ಅದರಲ್ಲಿರುವ ಲಾರಿಕ್ ಆಮ್ಲ ಎಳೆಯ ಒಳಕ್ಕೆ ಇಳಿಯಬಲ್ಲದು. ಖನಿಜ ತೈಲ, ಸೂರ್ಯಕಾಂತಿ ಎಣ್ಣೆಗಳಿಗಿಂತ ಕೊಬ್ಬರಿ ಎಣ್ಣೆ ಕೂದಲಿನ ಪ್ರೋಟೀನ್ ನಷ್ಟವನ್ನು ಹೆಚ್ಚು ತಡೆಯುತ್ತದೆ ಎಂದು 2003ರಲ್ಲಿ ಪ್ರಕಟವಾದ ಭಾರತೀಯ ಸಂಶೋಧಕರ ಅಧ್ಯಯನವೊಂದು ತೋರಿಸಿದೆ. ಆದರೆ ಎಣ್ಣೆಯ ಮೇಲೆ ಎಣ್ಣೆ ಸುರಿದು ವಾರಗಟ್ಟಲೆ ತೊಳೆಯದೆ ಬಿಟ್ಟರೆ ಅದೇ ಧೂಳನ್ನು ಹಿಡಿದಿಡುತ್ತದೆ.

ವಾರಕ್ಕೆ ಒಂದೆರಡು ಬಾರಿ ಸೀಗೆಕಾಯಿ, ಅಂಟುವಾಳ ಅಥವಾ ಸೌಮ್ಯ ಶ್ಯಾಂಪೂ ಬಳಸಿ ತಲೆ ತೊಳೆದರೆ ಸಾಕು. ಸೀಗೆಪುಡಿಯನ್ನು ನುಣ್ಣಗೆ ಸೋಸಿ ಬಳಸಬೇಕು, ಕಣ್ಣಿಗೆ ಬೀಳದಂತೆ ಎಚ್ಚರ ವಹಿಸಬೇಕು. ಉದ್ದ ಕೂದಲನ್ನೆಲ್ಲ ನೆತ್ತಿಯ ಮೇಲೆ ಗುಡ್ಡೆ ಹಾಕಿ ಗಸಗಸ ತಿಕ್ಕುವ ಅಭ್ಯಾಸ ಬಿಡಬೇಕು; ಜಡೆ ಕಟ್ಟಲು ಇದೂ ಒಂದು ಕಾರಣ. ಬೆರಳ ತುದಿಯಿಂದ ನೆತ್ತಿಯನ್ನು ತಿಕ್ಕಿ, ನೀರನ್ನು ಬುಡದಿಂದ ತುದಿಗೆ ಹರಿಯಬಿಡಬೇಕು. ಸವಳು ನೀರಿನ ಊರುಗಳಲ್ಲಿ ಕೊನೆಯ ಎರಡು ತಂಬಿಗೆಯನ್ನಾದರೂ ಮಳೆನೀರು ಅಥವಾ ಕೆರೆಯ ಸಿಹಿನೀರಿನಿಂದ ಎರೆದುಕೊಳ್ಳುವುದು ಉತ್ತಮ.

ಮಲಗುವಾಗ ಕೂದಲನ್ನು ಸಡಿಲವಾಗಿ ಹೆರಳು ಹಾಕಿಕೊಂಡರೆ ಸಿಕ್ಕು ಕಡಿಮೆಯಾಗುತ್ತದೆ. ಶಾಲೆಗೆ ಹೋಗುವ ಬಾಲಕಿಯರಿಗೆ ಎರಡು ಹೆರಳನ್ನು ಹಣೆಯ ಚರ್ಮ ಸೆಳೆಯುವಷ್ಟು ಬಿಗಿಯಾಗಿ ಹೆಣೆಯಬಾರದು. ದೀರ್ಘಕಾಲ ಹಾಗೆ ಮಾಡಿದರೆ ಹಣೆಯಂಚಿನ ಕೂದಲು ಉದುರಿ, ಮರಳಿ ಬಾರದೆ ಹೋಗಬಹುದು.

ಬಾಣಂತಿಯರಿಗೆ ಹೆರಿಗೆಯಾದ ಎರಡು-ಮೂರು ತಿಂಗಳ ಬಳಿಕ ಕೂದಲು ಹೆಚ್ಚಾಗಿ ಉದುರುವುದು ಸಹಜ. ಕ್ರಮೇಣ ಅದು ತಾನಾಗಿ ಸರಿಹೋಗುತ್ತದೆ. ಆದರೆ ಉದುರುತ್ತದೆಂಬ ಅಂಜಿಕೆಯಿಂದ ಬಾಚುವುದನ್ನೇ ನಿಲ್ಲಿಸಬಾರದು. ಆಯಾಸ, ಮುಖ ಬಿಳಿಚಿಕೊಳ್ಳುವುದರ ಜೊತೆಗೆ ಕೂದಲು ಉದುರುತ್ತಿದ್ದರೆ ರಕ್ತಹೀನತೆಯ ಪರೀಕ್ಷೆ ಮಾಡಿಸಬೇಕು.

ಹೇನಿಗೆ ಕೀಟನಾಶಕ ಬೇಡ

ಹೇನು ಹಾರುವುದಿಲ್ಲ, ಜಿಗಿಯುವುದಿಲ್ಲ. ತಲೆಗೆ ತಲೆ ತಾಗಿದಾಗ, ಕೆಲವೊಮ್ಮೆ ಹಣಿಗೆ, ವಸ್ತ್ರಗಳ ಮೂಲಕ ಹರಡುತ್ತದೆ. ಒದ್ದೆ ಕೂದಲನ್ನು ಎಣ್ಣೆ ಅಥವಾ ಕಂಡೀಷನರ್ ಹಚ್ಚಿ ಸೀರಣಿಗೆಯಿಂದ ಮೂರು-ನಾಲ್ಕು ದಿನಗಳಿಗೊಮ್ಮೆ ಬಾಚುತ್ತ, ಎರಡು-ಮೂರು ವಾರ ಮುಂದುವರಿಸಬೇಕು. ಔಷಧಿ ಅಂಗಡಿಯಲ್ಲಿ ದೊರೆಯುವ ಶೇ. 1ರ ಪರ್ಮೆಥ್ರಿನ್ ಲೋಷನ್ನನ್ನು ವೈದ್ಯರ ಸಲಹೆಯಂತೆ ಬಳಸಬಹುದು. ಸೀರು ಒಡೆದು ಮರಿ ಬರುವುದರಿಂದ 7ರಿಂದ 10 ದಿನಗಳ ಬಳಿಕ ಇನ್ನೊಮ್ಮೆ ಹಚ್ಚಬೇಕಾಗುತ್ತದೆ. ಮನೆಯಲ್ಲಿ ಹೇನಿರುವ ಎಲ್ಲರೂ ಒಟ್ಟಿಗೆ ಚಿಕಿತ್ಸೆ ಪಡೆಯದಿದ್ದರೆ ಪ್ರಯೋಜನವಾಗದು. ಹೊಲಕ್ಕೆ ತಂದ ಕೀಟನಾಶಕವನ್ನಾಗಲಿ, ಸೀಮೆಎಣ್ಣೆಯನ್ನಾಗಲಿ ತಲೆಗೆ ಹಚ್ಚುವುದು ಪ್ರಾಣಾಪಾಯಕ್ಕೆ ದಾರಿ. ಕೀಟನಾಶಕ ಚರ್ಮದ ಮೂಲಕವೇ ದೇಹ ಸೇರುತ್ತದೆ. ಸೀಮೆಎಣ್ಣೆಗೆ ಒಲೆಯ ಕಿಡಿಯೊಂದು ಸಾಕು.

ಜಡೆ ಕಟ್ಟಿದ್ದರೆ ಏನು ಮಾಡಬೇಕು?

ಗಂಟು ಹೊಸದಾಗಿದ್ದರೆ ಧಾರಾಳವಾಗಿ ಕೊಬ್ಬರಿ ಎಣ್ಣೆ ಅಥವಾ ಕಂಡೀಷನರ್ ಹಚ್ಚಿ ಅರ್ಧ ಗಂಟೆ ನೆನೆಯಲು ಬಿಡಬೇಕು. ಬಳಿಕ ಬೆರಳಿನಿಂದ ಗಂಟನ್ನು ಸಣ್ಣ ಸಣ್ಣ ಭಾಗಗಳಾಗಿ ಬಿಡಿಸಿ, ಒಂದು ಕೈಯಿಂದ ಬುಡವನ್ನು ಹಿಡಿದು ಇನ್ನೊಂದು ಕೈಯಿಂದ ತುದಿಯನ್ನು ಬಾಚಬೇಕು. ಎರಡು-ಮೂರು ದಿನ ಹಿಡಿದರೂ ಆತುರಪಡಬಾರದು. ಬಿಡಿಸುವ ಮುನ್ನ ಬಿಸಿನೀರು, ಸಾಬೂನು ಹಾಕಿ ತಿಕ್ಕಿದರೆ ಗಂಟು ಇನ್ನಷ್ಟು ಬಿಗಿಯುತ್ತದೆ.

ತಿಂಗಳುಗಳಿಂದ ಗಟ್ಟಿಯಾದ ಜಡೆ ಬಿಚ್ಚುವುದಿಲ್ಲ, ಕತ್ತರಿಸುವುದೊಂದೇ ಪರಿಹಾರ. ಕತ್ತರಿಸಿದರೆ ನೋವಾಗದು, ರಕ್ತ ಬಾರದು. ರಕ್ತ ಕಂಡರೆ ಅದು ಕತ್ತರಿ ಚರ್ಮಕ್ಕೆ ತಾಗಿದ್ದರಿಂದ ಅಥವಾ ಜಡೆಯ ಅಡಿಯಲ್ಲಿದ್ದ ಹುಣ್ಣಿನಿಂದ ಬಂದದ್ದೇ ಹೊರತು ಕೂದಲಿನಿಂದಲ್ಲ. ಆದ್ದರಿಂದ ಚರ್ಮ ಮತ್ತು ಜಡೆಯ ನಡುವೆ ಬೆರಳಿಟ್ಟು ಕತ್ತರಿಸಬೇಕು. ದುರ್ವಾಸನೆ, ಕೀವು, ಹುಳು, ಜ್ವರ ಇದ್ದರೆ ಮನೆಯಲ್ಲಿ ಕೈಹಾಕದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅಥವಾ ಚರ್ಮವೈದ್ಯರಲ್ಲಿಗೆ ಕರೆದೊಯ್ಯಬೇಕು. ಜಡೆಯ ಭಾರದಿಂದ ಉಂಟಾದ ಕುತ್ತಿಗೆ ನೋವು, ತಲೆನೋವುಗಳು ಕತ್ತರಿಸಿದ ಬಳಿಕ ಇಳಿಯುತ್ತವೆ. ಒಂದು ವರ್ಷದಲ್ಲಿ ಸುಮಾರು ಅರ್ಧ ಗೇಣಿನಷ್ಟು ಹೊಸ ಕೂದಲು ಬೆಳೆಯುತ್ತದೆ.

ಕತ್ತರಿಸಲು ಮನೆಯವರು ಅಂಜುವುದಾದರೆ ಬಲವಂತದಿಂದ ಕೆಲಸವಾಗದು. ಆಶಾ ಕಾರ್ಯಕರ್ತೆ, ಅಂಗನವಾಡಿ ಶಿಕ್ಷಕಿ ಅಥವಾ ಊರಿನಲ್ಲಿ ಜಡೆ ತೆಗೆಸಿಕೊಂಡು ಸುಖವಾಗಿರುವ ಮಹಿಳೆಯ ಮಾತು ಹೆಚ್ಚು ಫಲ ನೀಡೀತು. ಅಸ್ವಸ್ಥ ಮನಸ್ಸೇ ಜಡೆಗೆ ಕಾರಣವಾಗಿದ್ದರೆ ಆ ಕಾಯಿಲೆಗೂ ಚಿಕಿತ್ಸೆ ಕೊಡಿಸಬೇಕು. ಇಲ್ಲವಾದರೆ ಜಡೆ ಮರಳಿ ಬರುತ್ತದೆ. ಬಾಲಕಿಗೆ ಮುತ್ತು ಕಟ್ಟುವ ಸಿದ್ಧತೆ ನಡೆದಿದೆ ಎಂದು ತಿಳಿದುಬಂದರೆ ಮಕ್ಕಳ ಸಹಾಯವಾಣಿ 1098 ಅಥವಾ ಪೊಲೀಸ್ ನೆರವಿನ 112 ಸಂಖ್ಯೆಗೆ ಕರೆ ಮಾಡಬಹುದು.

ಎಲ್ಲಮ್ಮನ ಮೇಲಿನ ಭಕ್ತಿಗೂ ತಲೆಯ ಸಿಕ್ಕಿಗೂ ಸಂಬಂಧವಿಲ್ಲ. ಭರತ ಹುಣ್ಣಿಮೆಗೆ ಗುಡ್ಡಕ್ಕೆ ಹೋಗುವ ಲಕ್ಷಾಂತರ ಭಕ್ತರಲ್ಲಿ ಬಹುತೇಕ ಹೆಣ್ಣುಮಕ್ಕಳು ತಲೆ ಬಾಚಿ, ಹೂ ಮುಡಿದೇ ದೇವಿಯ ದರ್ಶನ ಪಡೆಯುತ್ತಾರೆ. ನಮ್ಮ ಮನೆಯ ಮಗಳೂ ಹಾಗೆಯೇ ಹೋಗಿ ಬರಲಿ. ಅದಕ್ಕೆ ಬೇಕಾದುದು ಅಗಲ ಹಲ್ಲಿನ ಒಂದು ಹಣಿಗೆ, ಒಂದಿಷ್ಟು ಎಣ್ಣೆ ಮತ್ತು ಅವಳ ಹಿಂದೆ ಕುಳಿತು ತಲೆ ಬಾಚುವವರ ಅರ್ಧ ಗಂಟೆಯ ಬಿಡುವು.