ಟರ್ಬೊ ಗಾಡಿಗೆ ಸೇಡಂ ರೋಡಿನ ಪರೀಕ್ಷೆ

ತೊಗರಿ ರಾಶಿ ಮುಗಿದು, ಮಾಲು ಕಲಬುರಗಿಯ ಎಪಿಎಂಸಿ ಸೇರಿ, ಕೈಗೆ ರೊಕ್ಕ ಬಂದ ಮೇಲೆ ಚಿಂಚೋಳಿಯ ಚಹಾದಂಗಡಿಗಳಲ್ಲಿ ಮಾತಿನ ದಿಕ್ಕು ಬದಲಾಗುತ್ತದೆ. ನೆಟೆ ರೋಗ, ಬೆಂಬಲ ಬೆಲೆ, ಮುಲ್ಲಾಮಾರಿ ಕಾಲುವೆಯ ನೀರು ಎಲ್ಲ ಹಿಂದೆ ಸರಿದು ಗಾಡಿ ಮುಂದೆ ಬರುತ್ತದೆ. ಯಾರು ಯಾವುದು ತಗೊಂಡರು, ಆನ್ ರೋಡ್ ಎಷ್ಟಾಯಿತು, ಎವರೇಜ್ ಎಷ್ಟು ಕೊಡುತ್ತದೆ, ಟಾಪ್ ಮಾಡೆಲ್ ಬೇಕಿತ್ತೋ ನಡುವಿನದು ಸಾಕಿತ್ತೋ. ಬಿಸಿಲು ಇಳಿದ ಮೇಲೆ ಅಂಗಡಿಯ ಮುಂದೆ ಕ್ರೂಸರ್, ಟಂಟಂಗಳ ನಡುವೆ ಜಾಗ ಮಾಡಿಕೊಂಡು ನಾಲ್ಕಾರು ಕಾರುಗಳು ಓರೆಯಾಗಿ ನಿಲ್ಲುತ್ತವೆ. ಒಳಗೆ ಶಹಾಬಾದ್ ಫರ್ಸಿ ಹಾಸಿದ ಮೇಜು, ಹೊರಗೆ ಎಣ್ಣೆಯಲ್ಲಿ ಏಳುತ್ತಿರುವ ಮಿರ್ಚಿ ಭಜಿ, ಪೇಪರಿನ ಮೇಲೆ ಸೂಸಲಾ.

ನಿಂತ ಗಾಡಿಗಳ ಮೈ ನೋಡಿದರೆ ಯಾವುದು ಎತ್ತ ಕಡೆಯಿಂದ ಬಂತೆಂದು ತಿಳಿಯುತ್ತದೆ. ಸೇಡಂ ಕಡೆಯದಾದರೆ ಬಾನೆಟ್ಟಿನ ಮೇಲೆ ಬೂದುಬಿಳಿ ಪುಡಿ ಕೂತಿರುತ್ತದೆ; ಅದು ಸುಣ್ಣಕಲ್ಲು, ಸಿಮೆಂಟು. ಕುಂಚಾವರಂ ಕಾಡಿನ ದಾರಿಯಿಂದ ಇಳಿದದ್ದರ ಬಾಗಿಲ ಕೆಳಗೆ ಕೆಂಪು ಮಣ್ಣಿನ ಪಟ್ಟಿ. ಹೊಲದ ಅಂಚಿಗೆ ಹೋಗಿ ಬಂದದ್ದರ ಚಕ್ರದ ಗೂಡಿನಲ್ಲಿ ಎರೆ ಮಣ್ಣು ಒಣಗಿ ಗಟ್ಟಿಯಾಗಿರುತ್ತದೆ. ಕೀಲಿ ತೆಗೆದ ಮೇಲೂ ಒಂದೆರಡು ಗಾಡಿಗಳ ಒಳಗಿನ ಫ್ಯಾನು ಗುಂಯ್‌ಗುಡುತ್ತಲೇ ಇರುತ್ತದೆ. ಅವು ಟರ್ಬೊ ಗಾಡಿಗಳು. ಕಾದ ಟರ್ಬೊ ತಣ್ಣಗಾಗುವ ತನಕ ನೀರು ಓಡಿಸುವ ಪಂಪು, ಅದರ ಜೊತೆ ಫ್ಯಾನು, ಬಹಳಷ್ಟು ಹೊಸ ಗಾಡಿಗಳಲ್ಲಿ ಇಂಜಿನ್ ನಿಂತ ಮೇಲೂ ಕೆಲಸ ಮಾಡುತ್ತವೆ.

ಗಾಡಿಗಳ ಮಾಲೀಕರು ಒಬ್ಬರಿಗಿಂತ ಒಬ್ಬರು ಬೇರೆ. ದಾಲ್ ಮಿಲ್ಲಿನವರದು ಫೋಕ್ಸ್‌ವ್ಯಾಗನ್ ವರ್ಟಸ್ ಜಿಟಿ, 1.5 ಲೀಟರ್, 150 ಪಿಎಸ್. ಹೈದರಾಬಾದಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತ ವಾರದ ಕೊನೆಗೆ ಮನ್ನಾಎಖ್ಖೆಳ್ಳಿ ಮಾರ್ಗವಾಗಿ ಊರಿಗೆ ಬರುವ ಹುಡುಗನದು ಹುಂಡೈ ಐ20 ಎನ್ ಲೈನ್, ಒಂದೇ ಲೀಟರಿನ ಇಂಜಿನ್, 120 ಪಿಎಸ್. ಸರ್ಕಾರಿ ಶಾಲೆಯ ಸರ್ ನೆಕ್ಸಾನ್ ಟರ್ಬೊ ಪೆಟ್ರೋಲ್ ತಗೊಂಡಿದ್ದಾರೆ. ಇವರೆಲ್ಲರಿಗೂ ಕಾಕಾ ಆದವರೊಬ್ಬರಿದ್ದಾರೆ. ವಾಡಿ, ಶಹಾಬಾದಿನಿಂದ ಸಿಮೆಂಟು, ಕಲ್ಲು ಹೊತ್ತು ಲಾರಿ ಓಡಿಸಿ, ಆಮೇಲೆ ಸ್ವಂತದ ಎರಡು ಲಾರಿ ಮಾಡಿದವರು.

ಹುಡುಗ ಫೋನು ಮುಂದಿಟ್ಟು ಒಂದು ರಿವ್ಯೂ ತೋರಿಸುತ್ತಾನೆ. ಸೊನ್ನೆಯಿಂದ ನೂರಕ್ಕೆ ಇಷ್ಟು ಸೆಕೆಂಡು, ತಿರುವಿನಲ್ಲಿ ಗಾಡಿ ಹೀಗೆ ಹಿಡಿಯುತ್ತದೆ, ಸದ್ದು ಹೀಗೆ.

"ಅಂವ ಓಡಿಸಿದ್ದು ಎಲ್ಲಿ?" ಎಂದು ಮಿಲ್ಲಿನವರು ಕೇಳುತ್ತಾರೆ.

"ಪುಣೆ ಕಡಿ ಅದ ಅಣ್ಣಾ."

"ಅಲ್ಲಿ ಓಡಿಸಿದ್ರ ಎಲ್ಲಾ ಗಾಡೀನೂ ಛಲೋನೇ. ಸೇಡಂ ರೋಡಿಗಿ ಒಮ್ಮಿ ಬಂದು ಹೇಳ್ಲಿ."

ಕಾಕಾ ನಗುತ್ತಾರೆ. "ತಮ್ಮಾ, ಟರ್ಬೊ ಅಂದ್ರ ಹೊಸಾದೇನ್ ಅದ? ನಮ್ಮ ಲಾರಿಗೂ ಅದ. ಜಹೀರಾಬಾದಿನ್ಯಾಗ ಟ್ರ್ಯಾಕ್ಟರ್ ಮಾಡ್ತಾರಲಾ, ಈಗ ಅಂಥಾ ಟ್ರ್ಯಾಕ್ಟರಿಗೂ ಟರ್ಬೊ ಬಂದಾದ."

ಕಾಕಾ ಹೇಳುವುದು ಖರೆ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ ಈ ಯಂತ್ರಕ್ಕೆ ಪೇಟೆಂಟ್ ಪಡೆದದ್ದು 1905ರಲ್ಲಿ. ಹೊಗೆ ಕೊಳವೆಯಿಂದ ಸುಮ್ಮನೆ ಹೊರಹೋಗುವ ಬಿಸಿ ಗಾಳಿ ಒಂದು ಚಕ್ರವನ್ನು ತಿರುಗಿಸುತ್ತದೆ; ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಇಂಜಿನ್ನಿಗೆ ತುಂಬುತ್ತದೆ. ಕಮ್ಮಾರನ ತಿದಿ ಕೆಂಡಕ್ಕೆ ಮಾಡುವ ಕೆಲಸವನ್ನು ಇದು ಪೆಟ್ರೋಲಿಗೆ ಮಾಡುತ್ತದೆ. ಆ ಅಚ್ಚು ನಿಮಿಷಕ್ಕೆ ಒಂದು ಲಕ್ಷ ಸುತ್ತು ಮೀರಿ ತಿರುಗುತ್ತದೆ, ತೆಳುವಾದ ಆಯಿಲ್ ಪದರದ ಮೇಲೆ. ಹಡಗು, ವಿಮಾನ, ಲಾರಿಗಳಲ್ಲಿ ಮೊದಲು ನೆಲೆ ಕಂಡ ಟರ್ಬೊ ಜನರ ಕಾರಿಗೆ ಬಂದದ್ದು 1962ರಲ್ಲಿ, ಅಮೆರಿಕದ ಜನರಲ್ ಮೋಟರ್ಸ್‌ನ ಎರಡು ಮಾಡೆಲ್‌ಗಳಲ್ಲಿ. ಸ್ಪೋರ್ಟ್ಸ್ ಗಾಡಿ ಎಂದರೆ ಟರ್ಬೊ ಎನ್ನುವ ಹೆಸರು ಅಂಟಿದ್ದು 1970ರ ದಶಕದಲ್ಲಿ, ಬಿಎಂಡಬ್ಲ್ಯು 2002 ಟರ್ಬೊ, ಪೋರ್ಷೆ 911 ಟರ್ಬೊ ಬಂದ ಮೇಲೆ.

ನಮ್ಮ ದೇಶದಲ್ಲಿ ಪುಟ್ಟ ಟರ್ಬೊ ಪೆಟ್ರೋಲ್ ಇಂಜಿನ್ ಇಷ್ಟು ಹರಡಿದ್ದಕ್ಕೆ ತೆರಿಗೆ ದೊಡ್ಡ ಕಾರಣ. 2006ರ ಬಜೆಟ್ಟಿನಲ್ಲಿ ನಾಲ್ಕು ಮೀಟರಿಗಿಂತ ಉದ್ದವಿಲ್ಲದ, 1,200 ಸಿಸಿ ಮೀರದ ಪೆಟ್ರೋಲ್ ಕಾರಿಗೆ ಅಬಕಾರಿ ಸುಂಕ ಇಳಿಯಿತು. 2025ರ ಸೆಪ್ಟೆಂಬರಿನಲ್ಲಿ ಜಿಎಸ್‌ಟಿ ಬದಲಾದಾಗಲೂ ಗೆರೆ ಅಲ್ಲೇ ಉಳಿಯಿತು: ಒಳಗಿದ್ದದ್ದಕ್ಕೆ ನೂರಕ್ಕೆ 18, ಹೊರಗಿದ್ದದ್ದಕ್ಕೆ 40. ಇಂಜಿನ್ ದೊಡ್ಡದು ಮಾಡಿದರೆ ತೆರಿಗೆ ಏರುತ್ತದೆ, ಟರ್ಬೊ ಕೂಡಿಸಿದರೆ ತಾಕತ್ತು ಮಾತ್ರ ಏರುತ್ತದೆ. 2013ರಲ್ಲಿ ಪೋಲೊ ಜಿಟಿ ಟಿಎಸ್‌ಐ 1.2 ಲೀಟರಿನಲ್ಲೇ 105 ಪಿಎಸ್ ಕೊಟ್ಟಾಗ ಗಾಡಿಪ್ರಿಯರು ಬೆರಗಾಗಿದ್ದರು. 2024ರ ಜೂನಿನಲ್ಲಿ ಬಂದ ಟಾಟಾ ಆಲ್ಟ್ರೋಜ್ ರೇಸರ್ ಅಷ್ಟೇ ಲೀಟರಿನಲ್ಲಿ 120 ಪಿಎಸ್ ಕೊಟ್ಟಿತು.

ಈಗ ಸೇಡಂ ರಸ್ತೆಯ ಮಾತು. ಸೇಡಂನಲ್ಲಿ ಸಿಮೆಂಟ್ ಕಾರ್ಖಾನೆ, ಅದರಾಚೆ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದಲ್ಲಿ ಕಾಗಿಣಾ ನದಿಯ ಪಕ್ಕ ಕಾರ್ಖಾನೆ, ವಾಡಿಯಲ್ಲಿ ಕಾರ್ಖಾನೆ, ನಮ್ಮ ಚಿಂಚೋಳಿ ತಾಲ್ಲೂಕಿನಲ್ಲೂ ಕಾರ್ಖಾನೆ. ಹಗಲು ರಾತ್ರಿ ಲೋಡ್ ಲಾರಿಗಳ ಸಾಲು ನಿಲ್ಲುವುದಿಲ್ಲ. ಎರಡು ಗಾಡಿ ಹಿಡಿಸುವಷ್ಟೇ ಅಗಲದ ರಸ್ತೆ. ಭಾರಕ್ಕೆ ಕುಸಿದು ಅಲ್ಲಲ್ಲಿ ತೆಗ್ಗು, ಮಳೆಗಾಲದಲ್ಲಿ ಎರೆ ನೆಲ ಉಬ್ಬಿ ಬೇಸಿಗೆಯಲ್ಲಿ ಬಿರಿದು ಅಂಚೇ ಮುರಿದುಹೋಗಿರುತ್ತದೆ. ಮುಂದೆ ಹದಿನಾರು ಚಕ್ರದ ಲಾರಿ ಮೂವತ್ತರ ವೇಗದಲ್ಲಿ ಏರು ಹತ್ತುತ್ತಿದೆ. ಹಿಂದಿನವನು ಬಲಕ್ಕೆ ಇಣುಕುತ್ತಾನೆ. ಎದುರಿನಿಂದ ಬಸ್ಸು ಬಂತು, ಮತ್ತೆ ಎಡಕ್ಕೆ. ಮತ್ತೆ ಇಣುಕು, ಹೊಲದಿಂದ ಟ್ರ್ಯಾಕ್ಟರ್ ರಸ್ತೆಗೆ ಏರಿತು. ಮೂರನೆಯ ಸಲ ದಾರಿ ಖಾಲಿ ಕಾಣುತ್ತದೆ, ಸ್ವಲ್ಪ ದೂರ ಮಾತ್ರ. ಆ ಹೊತ್ತಿಗೆ ಬೇಕಾದ್ದು ಮೂವತ್ತರಿಂದ ಎಂಬತ್ತಕ್ಕೆ ತಡವಿಲ್ಲದೆ ಏರುವ ಪಿಕಪ್. ನಿಂತಲ್ಲಿಂದ ನೂರು ಮುಟ್ಟುವ ಲೆಕ್ಕ ಅಲ್ಲಿ ಯಾರಿಗೂ ಬೇಕಿಲ್ಲ.

ರಿವ್ಯೂದ ಎಲ್ಲ ಅಂಕಿಗಳಲ್ಲಿ ನಮ್ಮ ಕಡೆಯವರು ಮೊದಲು ಓದಬೇಕಾದದ್ದು ಟಾರ್ಕ್, ಮತ್ತು ಅದು ಯಾವ ಆರ್‌ಪಿಎಂನಿಂದ ಸಿಗುತ್ತದೆ ಎಂಬುದು. ವರ್ಟಸ್ ಜಿಟಿಯಲ್ಲಿ 250 ಎನ್‌ಎಂ 1,600ರಿಂದಲೇ ಸಿಗುತ್ತದೆ, ಎನ್ ಲೈನಿನಲ್ಲಿ 172 ಎನ್‌ಎಂ 1,500ರಿಂದ. ಅದಕ್ಕಿಂತ ಕೆಳಗೆ ಬಿದ್ದರೆ ಒಂದು ಕ್ಷಣ ಇಂಜಿನ್ನಿಗೆ ಉಸಿರೇ ಇಲ್ಲ. ಶಾಲೆಯ ಸರ್ ಇದನ್ನು ಸರಿಯಾಗಿ ಹೇಳಿದರು: "ಬ್ರೇಕರ್ ದಾಟಿ ಮೂರನೇ ಗೇರಿನ್ಯಾಗೇ ಒತ್ತಿದ್ರ ಗಾಡಿ ವಿಚಾರ ಮಾಡ್ಲಕ್ಕ ನಿಂದರ್ತದ್ರಿ. ಎರಡಕ್ಕ ಇಳಿಸ್ರಿ, ಆಮ್ಯಾಲ ನೋಡ್ರಿ." ಟರ್ಬೊ ತಗೊಂಡ ಹೊಸಬರಿಗೆ ಇಷ್ಟು ಕಲಿಸುವವರಿದ್ದರೆ ಓವರ್‌ಟೇಕ್ ಮಾಡುವಾಗ ಎಷ್ಟೋ ಜೀವ ಉಳಿಯುತ್ತವೆ.

ಬೇಸಿಗೆಯ ಲೆಕ್ಕ ಬೇರೆಯೇ. ಏಪ್ರಿಲ್, ಮೇನಲ್ಲಿ ನಮ್ಮ ಜಿಲ್ಲೆಯಲ್ಲಿ 43, 44 ಡಿಗ್ರಿ ಬಿಸಿಲು ಹೊಸದಲ್ಲ. ಗಾಳಿ ಕಾದಷ್ಟೂ ತೆಳುವಾಗುತ್ತದೆ. 15 ಡಿಗ್ರಿಯ ಗಾಳಿಗಿಂತ 45 ಡಿಗ್ರಿಯದು ನೂರಕ್ಕೆ ಒಂಬತ್ತರಷ್ಟು ತೆಳು. ಟರ್ಬೊ ಅದನ್ನು ಒತ್ತಿದಾಗ ಅದು ಇನ್ನೂ ಕಾಯುತ್ತದೆ. ಹಾಗೆ ಕಾದ ಗಾಳಿಯನ್ನು ಆರಿಸಲು ಇಂಟರ್‌ಕೂಲರ್ ಇದೆ. ಆದರೆ ಬೀಸುವ ಗಾಳಿಯೇ ಬೆಂಕಿಯಾದಾಗ ಅದೂ ಎಷ್ಟೆಂದು ಆರಿಸೀತು? ಇಂಜಿನ್ನಿನಲ್ಲಿ ನಾಕಿಂಗ್, ಅಂದರೆ ಪೆಟ್ರೋಲು ಹೊತ್ತಲ್ಲದ ಹೊತ್ತಿಗೆ ಉರಿದು ಬಡಿಯುವುದು, ಆಗದಂತೆ ಕಂಪ್ಯೂಟರ್ ತಾನೇ ತಾಕತ್ತು ತಗ್ಗಿಸುತ್ತದೆ. ಐದು ಜನ ಕೂತು, ಡಿಕ್ಕಿಯಲ್ಲಿ ಬೇಳೆ ಚೀಲ ಇಟ್ಟು, ಎಸಿ ಪೂರ್ತಿ ತಿರುವಿ ನಡು ಮಧ್ಯಾಹ್ನ ಓಡಿಸಿದವನಿಗೆ ರಿವ್ಯೂದ ಸೆಕೆಂಡುಗಳು ಸಿಗುವುದಿಲ್ಲ. ಅದಕ್ಕೆ ಗಾಡಿಯನ್ನು ದೂರಿ ಫಾಯದೆ ಇಲ್ಲ. ಪರೀಕ್ಷೆ ಮಾಡುವವರು ಹವೆ ಎಷ್ಟಿತ್ತು, ಗಾಡಿಯಲ್ಲಿ ಎಷ್ಟು ಜನರಿದ್ದರು ಎಂದು ಬರೆಯಬೇಕು.

ಧೂಳಿನ ಮಾತು ಬಂದರೆ ಕಾಕಾನೇ ಗುರು. ಗಾಳಿಯನ್ನು ಬಲವಂತದಿಂದ ಎಳೆದು ತುಂಬುವ ಇಂಜಿನ್ನಿನ ಏರ್ ಫಿಲ್ಟರ್ ಮುಚ್ಚಿಕೊಂಡರೆ ಟರ್ಬೊಗೆ ಶ್ರಮ, ಹರಿದರೆ ಕಲ್ಲಿನ ಪುಡಿ ನೇರ ಚಕ್ರದ ರೆಕ್ಕೆಗೇ ಬಡಿಯುತ್ತದೆ. "ಕಂಪನಿ ಪುಸ್ತಕದಾಗ ಬರ್ದದ್ದು ಧೂಳಿಲ್ಲದ ಊರಿಗಿ. ನಮ್ಮ ಕಡಿ ಅದರ ಅರ್ಧಕ್ಕೇ ಫಿಲ್ಟರ್ ಬಿಚ್ಚಿ ನೋಡ್ಬೇಕು. ಆಯಿಲ್‌ದಾಗ ರೊಕ್ಕ ಉಳಿಸಾವ ಟರ್ಬೊ ತಗೋಬಾರ್ದು," ಎನ್ನುತ್ತಾರೆ. ಜೋರಾಗಿ ಓಡಿಸಿ ಬಂದು ಕೂಡಲೇ ಕೀಲಿ ತಿರುವಬೇಡಿ, ಅರ್ಧ ನಿಮಿಷ ಇಂಜಿನ್ ಸುಮ್ಮನೆ ತಿರುಗಲಿ ಎಂಬ ಲಾರಿಯವರ ಹಳೆಯ ರೂಢಿಯನ್ನು ಅವರು ಕಾರಿನವರಿಗೂ ಹೇಳುತ್ತಾರೆ. ನೀರಿನ ಪಂಪು ಇದ್ದರೂ ಈ ರೂಢಿಯಿಂದ ನಷ್ಟವೇನೂ ಇಲ್ಲ.

ಅಸಲು ಜಗಳ ಆಪ್ಷನ್‌ಗಳ ಮೇಲೆ. ಸನ್‌ರೂಫ್ ಬೇಕೇ ಬೇಕೆಂದು ಮನೆಯ ಮಕ್ಕಳು ಹಟ ಹಿಡಿದದ್ದನ್ನು ಮಿಲ್ಲಿನವರು ಹೇಳಿದರು. ಬಿಸಿಲಿನಲ್ಲಿ ತಲೆಯ ಮೇಲೆ ಗಾಜು, ಅದರ ಹಳಿಯಲ್ಲಿ ಧೂಳು. ಮಕ್ಕಳು ತಲೆ ಹೊರಹಾಕಿ ನಿಂತರೆ ಒಂದು ಬ್ರೇಕಿಗೆ ಏನಾಗುತ್ತದೆಂದು ಹೇಳಬೇಕಾಗಿಲ್ಲ. ನನ್ನ ಮಟ್ಟಿಗೆ ಇದು ಈ ಸೀಮೆಗೆ ದಂಡ. ಸೀಟಿನೊಳಗಿಂದ ಗಾಳಿ ಬೀಸುವ ವೆಂಟಿಲೇಟೆಡ್ ಸೀಟಿಗೆ ಮಾತ್ರ ಎಲ್ಲರೂ ಕೈ ಎತ್ತಿದರು. ಹೈದರಾಬಾದಿನ ತನಕ ಬೆನ್ನು ಒದ್ದೆಯಾಗದೆ ಕೂತವರು ಅದನ್ನು ಬಿಟ್ಟುಕೊಡುವುದಿಲ್ಲ.

ಗೇರಿನ ವಿಷಯದಲ್ಲಿ ಒಮ್ಮತವಿಲ್ಲ. ಡ್ಯುಯಲ್ ಕ್ಲಚ್ ಆಟೊಮ್ಯಾಟಿಕ್ ಹೈವೇಯಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಗೇರು ಬದಲಿಸುತ್ತದೆ, ಹುಡುಗನಿಗೆ ಅದೇ ಪ್ರಾಣ. ಆದರೆ ಸಣ್ಣ ಟರ್ಬೊ ಗಾಡಿಗಳಲ್ಲಿ ಬರುವುದು ಹೆಚ್ಚಾಗಿ ಒಣ ಕ್ಲಚ್ಚು. ರೈಲ್ವೆ ಗೇಟಿನ ಮುಂದೆ ಲಾರಿಗಳ ಹಿಂದೆ ಇಂಚಿಂಚು ಸರಿಯುವಾಗ ಅದು ಬಿಸಿಯಾಗುತ್ತದೆ, ಮತ್ತು ರಿಪೇರಿ ಬಸ್ ನಿಲ್ದಾಣದ ಬಳಿಯ ಮಿಸ್ತ್ರಿಯ ಕೈಯಲ್ಲಿಲ್ಲ. "ಕೆಟ್ರ ಕಲಬುರಗಿ ತನಕ ಟೋ ಮಾಡ್ಕೊಂಡು ಹೋಗ್ಬೇಕಲ್ಲೋ," ಎಂದು ಮಿಲ್ಲಿನವರು ಕೇಳಿದರೆ, "ಎಕ್ಸ್‌ಟೆಂಡೆಡ್ ವಾರಂಟಿ ಹಾಕಿಸೀನಿ ಅಣ್ಣಾ," ಎಂದು ಹುಡುಗನ ಉತ್ತರ. ಇಬ್ಬರ ಮಾತಿನಲ್ಲೂ ತೂಕವಿದೆ. ಆಟೊಮ್ಯಾಟಿಕ್ ತಗೊಳ್ಳುವುದಾದರೆ ವಾರಂಟಿಯ ರೊಕ್ಕವನ್ನು ಗಾಡಿಯ ಬೆಲೆಯಲ್ಲೇ ಸೇರಿಸಿ ಎಣಿಸಬೇಕು.

ಗೆರೆ ನೋಡಿ ಸ್ಟೇರಿಂಗ್ ತಿದ್ದುವ ಅಡಾಸ್ ಬಗ್ಗೆ ಮಾತು ಬೇಗ ಮುಗಿಯಿತು. ನಮ್ಮ ರಸ್ತೆಯ ಮೇಲೆ ಗೆರೆಯೇ ಇಲ್ಲ. ಅದರ ಬದಲು ಛಲೋ ಹೆಡ್‌ಲೈಟು, ಗಾಡಿ ಜಾರದಂತೆ ಹಿಡಿಯುವ ಇಎಸ್‌ಸಿ, ಆರು ಏರ್‌ಬ್ಯಾಗು, ನಾಲ್ಕೂ ಚಕ್ರಕ್ಕೆ ಒಳ್ಳೆಯ ಬ್ರೇಕು. ಹಿಂದೆ ಕೆಂಪು ದೀಪವೂ ಇಲ್ಲದೆ ಕಬ್ಬು ಹೇರಿಕೊಂಡು ಹೋಗುವ ಟ್ರೇಲರನ್ನು ಕತ್ತಲಲ್ಲಿ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಟಾಯರಿನ ಮೇಲೆ ಹುಡುಗನಿಗೂ ಕಾಕಾನಿಗೂ ಬಹಳ ಹೊತ್ತು ನಡೆಯಿತು. ಹುಡುಗನ ಕನಸು ಗಾಲ್ಫ್ ಜಿಟಿಐ. 2025ರ ಮೇನಲ್ಲಿ 52.99 ಲಕ್ಷ ಎಕ್ಸ್ ಶೋರೂಮ್ ಬೆಲೆಗೆ ಬಂತು, 265 ಪಿಎಸ್, ಮೊದಲ ಕಂತಿನ 150 ಗಾಡಿಗಳೂ ಬುಕ್ ಆಗಿಹೋದವು. ಅದೇ ವರ್ಷ ಅಕ್ಟೋಬರಿನಲ್ಲಿ ಬಂದ ಸ್ಕೋಡಾ ಆಕ್ಟೇವಿಯಾ ಆರ್‌ಎಸ್‌ನ ನೂರು ಗಾಡಿಗಳ ಕಥೆಯೂ ಅದೇ. ಜಿಟಿಐ ಟಾಯರು 225/40 ಆರ್18 ಎಂದು ಕೇಳಿದ ಕೂಡಲೇ ಕಾಕಾ ಬೆರಳಿನಲ್ಲಿ ಅಳತೆ ತೋರಿಸಿದರು. ಆ ಎರಡನೆಯ ಸಂಖ್ಯೆ ಟಾಯರಿನ ಗೋಡೆಯ ಎತ್ತರ ಹೇಳುತ್ತದೆ, ಅಗಲದ ನೂರಕ್ಕೆ ನಲವತ್ತು, ಅಂದರೆ ಒಂಬತ್ತು ಸೆಂಟಿಮೀಟರು. "ಇಟ್ಟೇ ರಬ್ಬರ್ ಇದ್ರ ತೆಗ್ಗಿಗಿ ಬಿದ್ದಾಗ ರಿಮ್ಮೇ ಹೋಗ್ತದ, ತಮ್ಮಾ." ವರ್ಟಸ್ ಜಿಟಿಯ 205/55 ಆರ್16ರಲ್ಲಿ ಆ ಗೋಡೆ ಹನ್ನೊಂದು ಸೆಂಟಿಮೀಟರು ದಾಟುತ್ತದೆ. ಆ ಎರಡು ಸೆಂಟಿಮೀಟರಿನ ಬೆಲೆ ಸುಲೇಪೇಟದ ಕಡೆ ಒಂದು ರಾತ್ರಿ ಹೋದರೆ ತಿಳಿಯುತ್ತದೆ. ಮೇಲಿಂದ ದೊಡ್ಡ ಅಲಾಯ್ ಹಾಕಿಸುವುದು ಇಲ್ಲಿ ಬೇಡ. ಸ್ಟೆಪ್ನಿಯ ಬದಲು ಬರೀ ಪಂಚರ್ ಕಿಟ್ ಕೊಡುವ ಗಾಡಿಯೂ ಬೇಡ.

ಕೊನೆಗೆ ಪೆಟ್ರೋಲಿನ ಮಾತು ಬಂತು. ಈಗ ಪಂಪಿನಲ್ಲಿ ಸಿಗುವುದು ನೂರಕ್ಕೆ ಇಪ್ಪತ್ತು ಎಥನಾಲ್ ಬೆರೆತದ್ದು. ಕಬ್ಬು ಬೆಳೆದು ಎಥನಾಲ್ ಕಾರ್ಖಾನೆಯನ್ನೂ ಕಂಡ ಚಿಂಚೋಳಿಗೆ ಇದು ಮನೆಯ ವಿಷಯ. ಎಥನಾಲಿನಲ್ಲಿ ಲೀಟರಿಗೆ ಪೆಟ್ರೋಲಿಗಿಂತ ಸುಮಾರು ಮೂರನೆಯ ಒಂದು ಭಾಗ ಶಕ್ತಿ ಕಡಿಮೆ, ಆದ್ದರಿಂದ ಎವರೇಜ್ ಇಳಿಯುವುದು ಖರೆ. ಆದರೆ ಅದರ ಆಕ್ಟೇನ್ ಹೆಚ್ಚು, ನಾಕಿಂಗ್ ಕಡಿಮೆ, ಆವಿಯಾಗುವಾಗ ಒಳಗಿನ ಗಾಳಿಯನ್ನು ತಂಪು ಮಾಡುತ್ತದೆ. ಕಾದ ಟರ್ಬೊ ಇಂಜಿನ್ನಿಗೆ ಇದು ಹಿತ. ಈ ಉಪಾಯ ಹಳೆಯದು: 1962ರ ಆ ಎರಡು ಮೊದಲ ಟರ್ಬೊ ಕಾರುಗಳಲ್ಲಿ ಒಂದಾದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್‌ಗೆ ನಾಕಿಂಗ್ ತಡೆಯಲೆಂದು ನೀರು, ಮೆಥನಾಲ್ ಬೆರೆಸಿದ ದ್ರವ ತುಂಬುವ ಬೇರೆ ಟ್ಯಾಂಕೇ ಇತ್ತು. ಮಾಲೀಕರು ಅದನ್ನು ತುಂಬಿಸಲು ಮರೆತು ಗಾಡಿ ಕೆಡಿಸಿಕೊಂಡರು. ಆಮೇಲೆ ಕಂಪನಿಯೇ ಎಷ್ಟೋ ಗಾಡಿಗಳ ಟರ್ಬೊ ಬಿಚ್ಚಿ ಸಾದಾ ಕಾರ್ಬ್ಯುರೇಟರ್ ಹಾಕಿಕೊಟ್ಟಿತು. ಎಥನಾಲ್ ಬೆರೆತ ಈಗಿನ ಪೆಟ್ರೋಲು ಹಾಕಿಸುವಾಗ ಹಳೆಯ ಗಾಡಿ ಇದ್ದವರು ಮಾತ್ರ ರಬ್ಬರ್ ಪೈಪು, ಸೀಲುಗಳನ್ನು ನೋಡಿಸಿಕೊಳ್ಳುವುದು ಒಳ್ಳೆಯದು.

ಚಹಾದಂಗಡಿಯ ತೀರ್ಪನ್ನು ನಾನು ಒಪ್ಪುತ್ತೇನೆ. ಚಿಂಚೋಳಿ, ಸೇಡಂ, ಚಿತ್ತಾಪುರದವರಿಗೆ ಟರ್ಬೊ ಇಂಜಿನ್ ತಕ್ಕದ್ದೇ, ಲಾರಿ ಸಾಲು ದಾಟಲು ಅದರಷ್ಟು ಆಸರೆ ಬೇರೆ ಇಲ್ಲ. ನಡುವಿನ ಮಾಡೆಲ್ ತಗೊಂಡು, ಉಳಿದ ರೊಕ್ಕವನ್ನು ಟಾಯರು, ವಾರಂಟಿ, ಆಯಿಲಿಗೆ ಇಡಿ. ಗಾಡಿ ಪರೀಕ್ಷಿಸಿ ಬರೆಯುವ ಪತ್ರಕರ್ತರಲ್ಲಿ ಒಂದು ವಿನಂತಿ: ಮೇ ತಿಂಗಳ ಮಧ್ಯಾಹ್ನ ಐದು ಜನರನ್ನು ಕೂರಿಸಿಕೊಂಡು ವಾಡಿಯಿಂದ ಮಳಖೇಡ, ಸೇಡಂ ಮೇಲೆ ಚಿಂಚೋಳಿಗೆ ಒಮ್ಮೆ ಬನ್ನಿ, ಆ ಅಂಕಿಗಳನ್ನೂ ಅಚ್ಚು ಹಾಕಿ. ಅದು ಬರುವ ತನಕ, ಹೊಸ ಗಾಡಿಗೆ ಬುಕಿಂಗ್ ಕಟ್ಟುವವರು ಅದೇ ಗಾಡಿಯನ್ನು ನಿಮ್ಮ ರಸ್ತೆಯಲ್ಲಿ ಎರಡು ಬೇಸಿಗೆ ಓಡಿಸಿದವರ ಹತ್ತಿರ ಹೋಗಿ, ಬಾನೆಟ್ ತೆಗೆಸಿ ಏರ್ ಫಿಲ್ಟರ್ ನೋಡಿ ಬನ್ನಿ.